ಚಿಕ್ಕ ಸಿಲಿಂಡರಿನ ವಾಲ್ವು

“ಮಾವ, ಸಿಲಿಂಡರು ಕಟ್ಟಿದ್ದಾಯ್ತಲ್ಲ, ಸ್ವಲ್ಪ ಆ ಕಡೆ ಸರೀರಿ. ನಾನೊಂದ್ಸಲ ನೋಡ್ಬೇಕು” ಅಂದ್ಲು ಹುಡುಗಿ.

ಮಾವ ಅಂದ್ರೆ ಅವಳ ತಾಯಿಯ ತಮ್ಮ. ಮೂವತ್ತು ವರ್ಷ ಹಡಗಿನ ಹೊಟ್ಟೆ ಕೆಳಗೆ ಮುಳುಗಿ, ಹಡಗು ತಳ್ಳೋ ಫ್ಯಾನಿಗೆ ಸುತ್ಕೊಂಡ ಹಗ್ಗ ಕತ್ತರಿಸಿದ ಮನುಷ್ಯ. ಕಿವಿತಮಟೆ ಹರಿದು ಮುಳುಗೋದು ನಿಂತ್ಮೇಲೆ ಬಾಯಿಗೆ ಮಾತ್ರ ಕೆಲಸ ಜಾಸ್ತಿ ಆಗಿತ್ತು.

“ನೋಡೋದೇನು ಬಂತು? ನೀನು ಹುಟ್ಟೋಕೆ ಮುಂಚೆಯಿಂದ ಕಟ್ತಿದೀನಿ. ಎಲ್ಲಾ ರೆಡಿ, ಇಳಿ.”

ದೋಣಿಯವನು ಹಲ್ಲು ಕಿರಿದ. “ಎದುರಾಡ್ಬೇಡಮ್ಮ, ನಮ್ಮಿಬ್ರನ್ನೂ ನೀರಿಗೆ ಹಾಕಿ ಮನೆಗೆ ಹೋಗ್ತಾರೆ.”

ಅವಳಿಗೆ ಅವತ್ತೇ ಮೊದಲ ಕೆಲಸ. ಅವಳಪ್ಪ ಇದೇ ಕೆಲಸಕ್ಕೆ ಇಳಿದೋನು ನೀರೊಳಗೇ ಹೋದ, ಏಳು ವರ್ಷ ಆಯ್ತು. ಅದಕ್ಕೇ ಅಮ್ಮ ಒಂದೇ ಮಾತು ಹೇಳಿ ಕಳಿಸಿದ್ಲು: ಚಿಕ್ಕ ಸಿಲಿಂಡರನ್ನ ನನ್ನ ತಮ್ಮನೇ ಕಟ್ಬೇಕು. ಬೆನ್ನಿನ ದೊಡ್ಡ ಸಿಲಿಂಡರು ಕೈಕೊಟ್ರೆ ಅದರ ಪಕ್ಕದಲ್ಲಿರೋ ಈ ಚಿಕ್ಕದೇ ಗತಿ. ಮೇಲೆ ಬರೋಷ್ಟು ಗಾಳಿ, ಅಷ್ಟೇ.

ಹುಡುಗಿ ಚಿಕ್ಕ ಸಿಲಿಂಡರಿನ ಪೈಪು ಬಾಯಿಗಿಟ್ಟು, ಮೀಟರು ನೋಡ್ತಾ ಉಸಿರೆಳೆದ್ಲು. ಮುಳ್ಳು ತುಂಬಿದ ಕಡೆ ಇತ್ತು. ಮೊದಲ ಉಸಿರಿಗೆ ನಡುಗ್ತು. ಎರಡನೇದಕ್ಕೆ ಸೊನ್ನೆಗೆ ಬಿತ್ತು. ಮೂರನೇದಕ್ಕೆ ಅವಳ ಕೆನ್ನೆ ಒಳಗೆ ಹೋಯ್ತೇ ಹೊರತು ಗಾಳಿ ಬರ್ಲಿಲ್ಲ.

“ಮುಚ್ಚಿದೆ, ಮಾವ.”

ಮಾವನ ರೂಢಿ ಅದು. ದಡದಲ್ಲಿ ವಾಲ್ವು ತೆರೆದು ಮುಳ್ಳು ನೋಡೋದು, ದಾರೀಲಿ ಗಾಳಿ ಸೋರ್ಬಾರ್ದು ಅಂತ ಮತ್ತೆ ಮುಚ್ಚೋದು. ಪೈಪಲ್ಲಿ ಉಳಿದ ಚೂರು ಗಾಳಿಗೇ ಮುಳ್ಳು ತುಂಬಿದೆ ಅಂತ ತೋರಿಸ್ತಾ ನಿಂತಿರತ್ತೆ. ಇಳಿಯೋ ಮುಂಚೆ ನೆನಪಿಟ್ಟು ತೆರೀಬೇಕು.

“ಈಗ ತೆರೀತಿದ್ದೆ” ಅಂದ. ದೋಣಿಯವನು ಮುಖ ಆ ಕಡೆ ತಿರುಗಿಸ್ದ.

“ಅಪ್ಪನ್ನ ಮೇಲೆ ತಂದಾಗ ಚಿಕ್ಕದ್ರಲ್ಲಿ ಗಾಳಿ ತುಂಬಿತ್ತಂತೆ” ಅಂದ್ಲು ಹುಡುಗಿ. “ಗಾಬರೀಲಿ ಬಾಯಿಗೇ ಇಟ್ಕೊಂಡಿಲ್ಲ ಅಂತ ಎಲ್ರೂ ಹೇಳ್ತಾರೆ. ಕಟ್ಟಿದ್ದು ನೀವೇ ಅಲ್ವಾ?”

“ನಾನೇ.”

“ವಾಲ್ವು ಹೇಗಿತ್ತು?”

ಊರಿಗೆಲ್ಲ ಕೇಳೋ ಹಾಗೆ ಮಾತಾಡೋ ಮನುಷ್ಯ, ಅವಳಿಗಷ್ಟೇ ಕೇಳೋ ಹಾಗೆ ಹೇಳ್ದ.

“ಮುಚ್ಚಿತ್ತು. ಮೇಲೆ ತಂದ್ಮೇಲೆ ಯಾರೋ ಮುಚ್ಚಿರ್ತಾರೆ ಅಂದ್ಕೊಂಡೆ. ಯಾರು ಅಂತ ಒಬ್ರನ್ನೂ ಕೇಳ್ಲಿಲ್ಲ, ಮಗಳೇ.”

ಅವಳು ವಾಲ್ವು ತಾನೇ ತಿರುಗಿಸಿದ್ಲು, ಮತ್ತೆ ಉಸಿರೆಳೆದು ನೋಡಿದ್ಲು, ಎರಡೂ ಸಿಲಿಂಡರು ಬೆನ್ನಿಗೇರಿಸಿ ಬೆಲ್ಟು ಬಿಗಿದ್ಲು. ಹಾಕ್ಕೊಂಡ್ಮೇಲೆ ವಾಲ್ವು ಕೈಗೆ ಸಿಗಲ್ಲ, ಕೊನೇ ಸಲ ಇನ್ನೊಬ್ರು ಮುಟ್ಟಿ ಹೇಳ್ಬೇಕು. ದೋಣಿಯವನು ನೋಡೋಕೆ ಎದ್ದ. ಅವಳು ಅವನಿಗೆ ಕೂತ್ಕೋ ಅಂತ ಕೈ ಮಾಡಿ, ಮಾವನ ಕಡೆ ಬೆನ್ನು ತಿರುಗಿಸಿ ದೋಣಿ ಅಂಚಲ್ಲಿ ಕೂತ್ಲು.

“ನೋಡಿ ಹೇಳಿ.”

ಮಾವ ವಾಲ್ವಿನ ಮೇಲೆ ಕೈ ಇಟ್ಟ. ತೆರೆಯೋ ಕಡೆಗೆ ತಿರುಗಿಸಿದ. ತಿರುಗ್ಲಿಲ್ಲ, ಪೂರ್ತಿ ತೆರೆದಿತ್ತು. ಇನ್ನೊಂದ್ಸಲ ತಿರುಗಿಸಿ ನೋಡಿದ.

“ತೆರೆದಿದೆ” ಅಂದ.

ಅಂದವನು ಕೈ ತೆಗೀಲಿಲ್ಲ. ಅವಳೂ ಅವಸರ ಮಾಡ್ಲಿಲ್ಲ.