ಘಾಟು ಹತ್ತಿದ ಮೂಗು

ಯಶವಂತಪುರ ರೈಲು ನಿಲ್ದಾಣದ ಹಿಂಬದಿಯಲ್ಲಿದ್ದ ಪಿಳ್ಳಪ್ಪನ ಊದುಬತ್ತಿ ಕಾರ್ಖಾನೆಯಲ್ಲಿ ಕುರ್ಚಿಯ ಮೇಲೆ ಕೂರುವ ಹೆಂಗಸು ಒಬ್ಬಳೇ. ಉಳಿದವರೆಲ್ಲ ನೆಲದ ಮೇಲೆ ಕಾಲು ಚಾಚಿ, ಮುಂದೆ ಮಣೆ ಇಟ್ಟುಕೊಂಡು, ಇದ್ದಿಲ ಪುಡಿ ಕಲಸಿದ ಕರಿ ಮಸಾಲೆಯನ್ನು ಬಿದಿರು ಕಡ್ಡಿಗೆ ಹೊಸೆಯುವವರು. ಶಿವಲಿಂಗವ್ವ ಹೊಸೆಯುತ್ತಿರಲಿಲ್ಲ, ಮೂಸುತ್ತಿದ್ದಳು. ಪ್ರತಿ ಬುಟ್ಟಿಯಿಂದ ಒಂದು ಕಡ್ಡಿ ತೆಗೆದು ಹಚ್ಚಿ, ಕಣ್ಣು ಮುಚ್ಚಿ, ಇದರಲ್ಲಿ ಮಲ್ಲಿಗೆ ಹೆಚ್ಚಾಗಿದೆ, ಇದರಲ್ಲಿ ಗಂಧ ಸತ್ತಿದೆ, ಇದನ್ನು ದೇವರ ಮುಂದೆ ಹಚ್ಚುವುದಕ್ಕಿಂತ ಹೆಣದ ಮುಂದೆ ಹಚ್ಚುವುದು ಮೇಲು ಎಂದು ತೀರ್ಪು ಕೊಡುತ್ತಿದ್ದಳು. ಗಂಡ ಫಕೀರಪ್ಪನ ಫ್ಯಾಕ್ಟರಿ ಕೆಲಸದ ಹಿಂದೆ ರಾಣೆಬೆನ್ನೂರಿನ ಕಡೆಯಿಂದ ಬಂದ ಅವಳು ಮೊದಲು ನೆಲದಲ್ಲೇ ಕೂತವಳು. ಬಾಯಿ ಮುಚ್ಚಿಕೊಂಡಿರಲಾರದೆ ಒಂದು ದಿನ ಸೆಂಟಿನ ಡಬ್ಬಿಯಲ್ಲಿ ಕಲಬೆರಕೆ ಇದೆ ಎಂದಳು, ಇತ್ತು. ಅಂದಿನಿಂದ ಕುರ್ಚಿ.

ಪಿಳ್ಳಪ್ಪನಿಗೂ ಮೂಗಿತ್ತು, ಸಾಕಷ್ಟು ದೊಡ್ಡದೇ. ಆದರೆ ಹರೆಯದಿಂದ ನಶ್ಯ ಏರಿಸಿ ಏರಿಸಿ ಅದನ್ನು ಕನ್ನಡಕ ಕೂರಿಸಲಿಕ್ಕೆ ಮಾತ್ರ ಉಳಿಸಿಕೊಂಡಿದ್ದ. ರಾಗಿ ಹೊಲ ಮಾರಿದ ದುಡ್ಡಿನಲ್ಲಿ ಪರಿಮಳದ ವ್ಯಾಪಾರಕ್ಕಿಳಿದ ಈ ಮನುಷ್ಯನಿಗೆ ತಾನು ಮಾರುವುದು ಏನೆಂದು ತಿಳಿಯಬೇಕಾದರೆ ಶಿವಲಿಂಗವ್ವನ ಮುಖ ನೋಡಬೇಕಿತ್ತು.

ಎಂಬತ್ಮೂರರ ಸಂಕ್ರಾಂತಿಗೆ ಮುಂಚೆ ಪಿಳ್ಳಪ್ಪ ರಾಜಾನುಕುಂಟೆಯ ಬೀಗರ ಮನೆಗೆ ಹೋಗಿ, ಹೊಟ್ಟೆ ತುಂಬ ಬಾಡೂಟ ಉಂಡು, ಜೊತೆಗೆ ಅಲ್ಲಿಂದ ಒಂದು ಶೀತವನ್ನೂ ತಂದ. ಮೂಸುವ ಕೋಣೆಗೆ ಕಿಟಕಿ ಒಂದಿದ್ದರೂ ಹೊರಗಿನ ವಾಸನೆ ಬೆರೆಯಬಾರದೆಂದು ಅದಕ್ಕೆ ಮೊಳೆ ಹೊಡೆದಿತ್ತು, ಫ್ಯಾನು ಹಾಕುವಂತಿರಲಿಲ್ಲ, ಬಾಗಿಲಿಗೆ ಗೋಣಿಪರದೆ. ಅಂಥ ಕಡೆ ಅವನು ಬೆಳಗಿನಿಂದ ಊಟದ ಹೊತ್ತಿನವರೆಗೆ ಶಿವಲಿಂಗವ್ವನ ಎದುರಿಗೆ ಕೂತು, ಹಬ್ಬದ ಮಾಲಿನ ವಿಷಯ ಮಾತಾಡುತ್ತ, ನಡುನಡುವೆ ಸೀನಿದ. ಸೀನುವಾಗ ಹೆಗಲ ಮೇಲಿನ ವಲ್ಲಿ ಅಡ್ಡ ಹಿಡಿಯುವುದು ಸಾಹುಕಾರರ ಲಕ್ಷಣವಲ್ಲವೆಂದು ಅವನ ನಂಬಿಕೆ ಇರಬೇಕು. ಆಮೇಲೆ ಸೀನು ಅವಳಿಗೆ ಬಂತು, ಅವಳಿಂದ ಹೊಸೆಯುವವರ ಸಾಲಿಗೆ ಹೋಯಿತು. ಒಂದು ವಾರ ಕಾರ್ಖಾನೆಯಲ್ಲಿ ಮಸಾಲೆಗಿಂತ ಮೂಗು ಒರೆಸಿಕೊಳ್ಳುವುದೇ ಹೆಚ್ಚಾಗಿತ್ತು. ರಜೆ ಕೇಳಿದವರಿಗೆ ಪಿಳ್ಳಪ್ಪ, ಸೀತಕ್ಕೆಲ್ಲ ರಜಾ ಕೊಟ್ಟರೆ ಕೆಮ್ಮಿಗೆ ಪಿಂಚಣಿ ಕೊಡಬೇಕಾದೀತು ಎಂದ.

ಎಲ್ಲರಿಗೂ ವಾಸಿಯಾಯಿತು. ಶಿವಲಿಂಗವ್ವನಿಗೂ ಆಯಿತು: ಮೂಗು ಸೋರುವುದು ನಿಂತಿತು, ಉಸಿರು ಸಲೀಸಾಯಿತು. ಕುರ್ಚಿಯ ಮೇಲೆ ಕೂತು ಮಲ್ಲಿಗೆ ಕಡ್ಡಿ ಹಚ್ಚಿದಳು. ಹೊಗೆ ಕಂಡಿತು, ವಾಸನೆ ಇಲ್ಲ. ಗಂಧದ್ದು ಹಚ್ಚಿದಳು. ಇಲ್ಲ. ಸೆಂಟಿನ ಡಬ್ಬಿಗೇ ಮುಖವಿಟ್ಟಳು. ನೀರಿನ ಕೊಡಕ್ಕೆ ಮುಖವಿಟ್ಟ ಹಾಗಿತ್ತು.

ಅವಳು ನೇರ ಹೋಗಿ ಹಾಗೆಂದೇ ಹೇಳಿದಳು. ಅವಳು ಮಾಡಿದ ತಪ್ಪು ಇದೊಂದೇ.

ಮೊದಲು ಎಲ್ಲರೂ ವೈದ್ಯರಾದರು. ಅರಿಸಿನದ ಹಬೆ, ಮೆಣಸಿನ ಕಷಾಯ, ತುಂಬೆ ಸೊಪ್ಪಿನ ರಸ ಎರಡೆರಡು ತೊಟ್ಟು. ಪಿಳ್ಳಪ್ಪ ತನ್ನ ನಶ್ಯದ ಡಬ್ಬಿಯನ್ನೇ ಮುಂದೆ ಹಿಡಿದ. ಯಾವುದಕ್ಕೂ ಮೂಗು ಬಗ್ಗದಿದ್ದಾಗ ಅವನ ತಲೆಯಲ್ಲಿ ಬೇರೆ ಹೊಗೆ ಎದ್ದಿತು. ಆಗಷ್ಟೇ ನಾಗಸಂದ್ರದ ಕಡೆ ಯಾರೋ ಹೊಸ ಊದುಬತ್ತಿ ಕಾರ್ಖಾನೆ ತೆರೆದಿದ್ದರು, ಕೆಲಸ ಬಲ್ಲವರನ್ನು ಹುಡುಕುತ್ತಿದ್ದರು. ಇವಳು ಅಲ್ಲಿಗೆ ಹಾರಲು ಈ ಆಟ ಕಟ್ಟಿದ್ದಾಳೆ ಎಂದು ಅವನು ತೀರ್ಮಾನಿಸಿ, ಅವಳನ್ನು ಮಾರ್ಕೆಟ್ ಯಾರ್ಡಿನ ಎದುರಿನ ತನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಆ ಡಾಕ್ಟರು ಬಂದವರಿಗೆ ಮೊದಲು ಸೂಜಿ ಚುಚ್ಚಿ ಆಮೇಲೆ ಏನಾಗಿದೆ ಎಂದು ಕೇಳುವವರು. ಚುಚ್ಚದಿದ್ದರೆ ಜನ ಡಾಕ್ಟರೆಂದು ಒಪ್ಪುತ್ತಲೂ ಇರಲಿಲ್ಲ. ಶಿವಲಿಂಗವ್ವನಿಗೂ ಚುಚ್ಚಿದರು. ಶೀತಕ್ಕೆ ಪೆನಿಸಿಲಿನ್ನಿಂದ ಏನೂ ಆಗುವುದಿಲ್ಲವೆಂದು ಅವರು ಓದಿದ ಪುಸ್ತಕದಲ್ಲೇ ಬರೆದಿತ್ತು, ಆದರೆ ಪುಸ್ತಕಕ್ಕೆ ಬಾಡಿಗೆ ಕಟ್ಟುವ ಕಷ್ಟವಿರಲಿಲ್ಲ. ಆಮೇಲೆ ಮೂರ್ಛೆ ಹೋದವರನ್ನು ಎಬ್ಬಿಸಲು ಇಟ್ಟಿದ್ದ ಅಮೋನಿಯಾ ಸೀಸೆಯ ಬಿರಡೆ ತೆಗೆದು, ಹೇಳದೆ ಕೇಳದೆ ಅವಳ ಮೂಗಿನ ಕೆಳಗೆ ಹಿಡಿದರು. ಅವಳು ಸ್ಟೂಲಿನಿಂದ ಬೀಳುವಂತೆ ಹಿಂದಕ್ಕೆ ಹಾರಿದಳು. ಕಣ್ಣಲ್ಲಿ ಧಾರೆಯಾಗಿ ನೀರು.

ಡಾಕ್ಟರು ಬಿರಡೆ ಮುಚ್ಚಿ ಪಿಳ್ಳಪ್ಪನ ಕಡೆ ತಿರುಗಿದರು. "ನೋಡಿದ್ರಲ್ಲ ಪಿಳ್ಳಪ್ಪನೋರೇ. ಮೂಗು ನಿಮ್ದಕ್ಕಿಂತ ಚೆನ್ನಾಗಿದೆ. ಕಾಯಿಲೆ ಮೂಗಲ್ಲಿಲ್ಲ, ನಾಲಿಗೆಯಲ್ಲಿದೆ."

ಸುಳ್ಳಿ ಎಂದು ಸಾಬೀತಾದ ಮೇಲೆ ಅವಳ ಮರ್ಯಾದೆ ಹೆಚ್ಚಿತು. ಪಿಳ್ಳಪ್ಪ ಸಂಬಳ ಏರಿಸುತ್ತೇನೆಂದ. ಇಲ್ಲ, ನನಗೆ ನಿಜವಾಗಿ ವಾಸನೆ ಬರುವುದಿಲ್ಲ ಎಂದಳು. ಅವನು ಇನ್ನಷ್ಟು ಏರಿಸಿದ. ಅವಳು ಅಳುವ ದನಿಯಲ್ಲಿ ಹೇಳಿದಳು. ಯುಗಾದಿಗೆ ಸೀರೆಯೂ ಸೇರಿತು. ಅವಳು ಎಷ್ಟು ಖಡಾಖಂಡಿತವಾಗಿ ನಿಜ ಹೇಳಿದಳೋ ಅಷ್ಟು ಚಾಲಾಕಿ ವ್ಯಾಪಾರಗಾತಿಯೆಂದು ಅವನಿಗೆ ಖಾತ್ರಿಯಾಗುತ್ತ ಹೋಯಿತು. ಹೊಸೆಯುವವರ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳಾದ ರತ್ನಕ್ಕ, ನಾಟಕದ ಕಂಪನಿಯಲ್ಲಿರಬೇಕಾದ ಹೆಂಗಸು ಕಣ್ರೇ, ಎಂದು ಕೇಳಿಸುವ ಹಾಗೆಯೇ ಹೇಳಿದಳು. ಉಳಿದವರು ನಕ್ಕರು.

ಮನೆಯಲ್ಲೂ ಅದೇ. ಒಂದು ಸಂಜೆ ಅವಳು ಒಗ್ಗರಣೆಗೆ ಹಾಕಿದ ಬ್ಯಾಡಗಿ ಮೆಣಸಿನಕಾಯಿ ಸೀದು ಘಾಟು ಎದ್ದಿತು. ಫಕೀರಪ್ಪ ಕೆಮ್ಮಿದ, ಪಕ್ಕದ ಮನೆಯವರು ಕೆಮ್ಮಿದರು, ಶಿವಲಿಂಗವ್ವ ಎಲ್ಲರಿಗಿಂತ ಜೋರಾಗಿ ಕೆಮ್ಮಿದಳು. ಫಕೀರಪ್ಪ ಕಣ್ಣೊರೆಸಿಕೊಳ್ಳುತ್ತ ನಕ್ಕ.

"ಘಾಟು ಹತ್ತೇತಲ್ಲ. ಇನ್ನ ಸಾಕು ಬಿಡು. ಸಾವ್ಕಾರ ಇಷ್ಟ ಕೊಡತೀನಿ ಅಂತಾನ, ವಾಸನಿ ಬಂತು ಅಂತ ತಲಿ ಅಲ್ಲಾಡ್ಸು. ಯಾವ ಬುಟ್ಟಿ ತಂದ್ರೂ ಚಲೋ ಐತಿ ಅನ್ನು."

"ನೀನೂ ನನ್ನ ಸುಳ್ಳಿ ಅಂತಿ."

"ಅಂದ್ರ ಏನಾತು? ಸಂಬಳ ಬರತೈತಿ."

ಅವಳು ಆ ದಿನ ಉಣ್ಣಲಿಲ್ಲ. ಉಂಡರೂ ಮಣ್ಣು ತಿಂದಂತೆಯೇ ಇರುತ್ತಿತ್ತು. ಕೋಪಕ್ಕೆ ಮಾತ್ರ ಸಂಪೂರ್ಣ ರುಚಿ ಉಳಿದಿತ್ತು. ತಲೆ ಅಲ್ಲಾಡಿಸುವುದು ಬಹಳ ಸುಲಭವಿತ್ತೆಂದು ಅವಳಿಗೂ ಗೊತ್ತು. ಆದರೆ ವಾಸನೆ ಬಂತು ಎಂದು ಒಮ್ಮೆ ಅಂದರೆ ಇಷ್ಟು ದಿನ ಅಂದದ್ದೆಲ್ಲ ಸುಳ್ಳಾಗುತ್ತಿತ್ತು, ನಕ್ಕವರೆಲ್ಲ ಸರಿಯಾಗಿ ನಕ್ಕಂತಾಗುತ್ತಿತ್ತು.

ಆರ್.ಟಿ. ನಗರದಲ್ಲಿ ಮೂಗು, ಕಿವಿ, ಗಂಟಲು ಮಾತ್ರ ನೋಡುವ ಹೆಂಗಸು ಡಾಕ್ಟರೊಬ್ಬರಿದ್ದಾರೆಂದು ಯಾರೋ ಹೇಳಿದ್ದು ನೆನಪಿಟ್ಟುಕೊಂಡು ಮರುದಿನ ಬಸ್ಸು ಹತ್ತಿದಳು. ಡಾಕ್ಟರ್ ಜಹೀರಾ ಕತೆಯನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಮೂಗಿನೊಳಗೆ ದೀಪ ಬಿಟ್ಟು ನೋಡಿದರು. ಕಣ್ಣು ಮುಚ್ಚಿಸಿ ಕಾಫಿ ಪುಡಿ ಹಿಡಿದರು, ಇಂಗು ಹಿಡಿದರು, ಸೋಪು ಹಿಡಿದರು. ಏನೂ ಇಲ್ಲ. ಕೊನೆಗೆ ಇನ್ನೊಂದು ಸೀಸೆ ಹಿಡಿದರು. ಶಿವಲಿಂಗವ್ವ ಮತ್ತೆ ಹಾರಿದಳು, ಮತ್ತೆ ಕಣ್ಣೀರು. ಇದೂ ಅದೇ ಅಮೋನಿಯಾ ಎಂದು ತಿಳಿದದ್ದೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದುಬಿಟ್ಟಳು.

"ಅನ್ರಿ. ನೀವೂ ಸುಳ್ಳಿ ಅಂದ್ಬಿಡ್ರಿ, ಬಸ್ಸಿಗೆ ಹೊತ್ತಾತು."

"ಕೂತ್ಕೊಳ್ಳಮ್ಮ. ನೀವು ಹಾರದೆ ಸುಮ್ನೆ ಕೂತಿದ್ರೆ ಸುಳ್ಳು ಅಂತಿದ್ದೆ," ಎಂದರು ಜಹೀರಾ. "ವಾಸನೆ ತಿಳಿಯೋ ನರ ಬೇರೆ, ಉರಿ ತಿಳಿಯೋ ನರ ಬೇರೆ. ನಾಟಕ ಆಡೋರಿಗೆ ಅದು ಗೊತ್ತಿರಲ್ಲ. ಇದಕ್ಕೂ ಏನೂ ಆಗ್ಲಿಲ್ಲ ಅಂತ ಕಲ್ಲು ಹಂಗೆ ಕೂತಿರ್ತಾರೆ."

ಆಮೇಲೆ ಅವರು ವಿವರಿಸಿದರು. ಶೀತ ತರುವ ವೈರಸ್ಸುಗಳು ಹಲವು ಜಾತಿಯವು. ಒಂದು ಜಾತಿಯದು ದೊಡ್ಡ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸುತ್ತ ಕಿರೀಟ ಇಟ್ಟ ಹಾಗೆ ಕಾಣುತ್ತದಂತೆ, ಅದಕ್ಕೇ ಕೊರೋನಾ ಎಂದು ಹೆಸರು. ಚಳಿಗಾಲದಲ್ಲಿ, ಗಾಳಿಯಾಡದ ಕಡೆ, ಒಬ್ಬರ ಸೀನಿನಿಂದ ಇನ್ನೊಬ್ಬರಿಗೆ ಹೋಗುತ್ತದೆ. ನೂರು ಜನಕ್ಕೆ ಬಂದು ಹೋಗುತ್ತದೆ, ಎಲ್ಲೋ ಒಬ್ಬರಿಗೆ ಹೋಗುವಾಗ ವಾಸನೆಯನ್ನೂ ಕೊಂಡುಹೋಗುತ್ತದೆ. ಇವಳಿಗೆ ಬಂದದ್ದು ಅದೇ ಜಾತಿಯೋ ಬೇರೆಯೋ ಎಂದು ಹೇಳಲು ಆಗುವುದಿಲ್ಲ. ಶೀತ ಬಂದವರನ್ನೆಲ್ಲ ಪರೀಕ್ಷೆ ಮಾಡುವಂಥ ಲ್ಯಾಬು ಈ ಊರಿನಲ್ಲಿ ತನಗೆ ಗೊತ್ತಿಲ್ಲ.

ಔಷಧಿ ಏನೆಂದು ಕೇಳಿದಳು. ಇಲ್ಲ ಎಂದರು. ಯಾವಾಗ ಬರುತ್ತದೆ? ತಿಂಗಳುಗಳು ಹಿಡಿಯಬಹುದು, ವರ್ಷವಾಗಬಹುದು, ಬರದೆಯೂ ಇರಬಹುದು. ಸೂಜಿ ಮಾತ್ರ ಇನ್ನು ಚುಚ್ಚಿಸಿಕೊಳ್ಳಬೇಡಿ ಎಂದರು.

"ಕಿರೀಟ ಇಟ್ಕೊಂಡು ಬಂದು ನನ್ನ ಮೂಗಿನಾಗ ರಾಜ್ಯ ಆಳಾಕ ಹತ್ತೇತಿ, ನೀವು ಇಷ್ಟ ಓದಿ ಕೈಕಟ್ಟಿ ಕುಂತೀರಿ," ಎಂದಳು ಶಿವಲಿಂಗವ್ವ.

ಡಾಕ್ಟರಿಗೆ ನಗು ಬಂತು, ತಡೆದುಕೊಂಡರು. ಬೇಕಾದರೆ ನಿಮ್ಮ ಸಾಹುಕಾರರಿಗೆ ಬರೆದುಕೊಡುತ್ತೇನೆ ಎಂದರು. ಬೇಡ, ಚೀಟಿಯನ್ನು ನೀನೇ ಬರೆಸಿದ್ದು ಅನ್ನುತ್ತಾರೆ, ಆ ಸೀಸೆಯಿಂದ ನಾಲ್ಕು ಹನಿ ಕೊಡಿ ಸಾಕು ಎಂದಳು. ಔಷಧಿ ಬಾಟಲಿಯೊಂದನ್ನು ತೊಳೆದು ಅದರಲ್ಲಿ ಸ್ವಲ್ಪ ಹಾಕಿ, ಬಿಗಿಯಾಗಿ ಮುಚ್ಚಿ ಕೊಟ್ಟರು.

ಪಿಳ್ಳಪ್ಪ ಮೂಸುವ ಕೋಣೆಯಲ್ಲಿ, ಅವಳ ಕುರ್ಚಿಯಲ್ಲೇ ಕೂತು ಕಡ್ಡಿಯೊಂದನ್ನು ಅನುಮಾನದಿಂದ ನೋಡುತ್ತಿದ್ದ. ಅವಳು ಬಾಟಲಿ ತೆರೆದು ಅವನ ಮುಖದ ಮುಂದೆ ಹಿಡಿದಳು. ಅವನು ಕುರ್ಚಿಯ ಸಮೇತ ಗೋಡೆಗೆ ಹೋಗಿ ಬಡಿದ. ತಾಯಿಯಿಂದ ಹಿಡಿದು ಮುತ್ತಜ್ಜಿಯವರೆಗೆ ಅವಳ ವಂಶವನ್ನು ಬೈದ.

"ನಶ್ಯಾ ಹೊಡದು ಸತ್ತ ಮೂಗು ನಿಮ್ದು. ಮಲ್ಲಿಗಿ ಯಾವ್ದು ಗಂಧ ಯಾವ್ದು ಗೊತ್ತಾಗಂಗಿಲ್ಲ. ಇದು ಹೆಂಗ ಹತ್ತಿತ್ರೀ?"

ಪಿಳ್ಳಪ್ಪ ಕಣ್ಣು ತಿಕ್ಕಿಕೊಳ್ಳುತ್ತಿದ್ದ.

"ಉಳ್ಳಾಗಡ್ಡಿ ಹೆಚ್ಚಿದ್ರ ಕಣ್ಣಾಗ ನೀರು ಬರತಾವಲ್ಲ, ಕಣ್ಣು ಮೂಸತಾವೇನು? ಉರಿ ಬ್ಯಾರೆ ವಾಸನಿ ಬ್ಯಾರೆ. ನಿಮ್ಮ ಡಾಕ್ಟರಿಗೆ ಅದು ತಿಳಿಯಲಿಲ್ಲ, ನಾ ಸುಳ್ಳಿ ಆದೆ."

ಪಿಳ್ಳಪ್ಪ ಮಂದಬುದ್ಧಿಯವನಲ್ಲ. ಅವನಿಗೆ ಅರ್ಥವಾಯಿತು, ಅರ್ಥವಾದದ್ದು ಮುಖದಲ್ಲಿ ಕಾಣಿಸಿತು. ಮೊದಲು ಆಶ್ಚರ್ಯ, ಆಮೇಲೆ ದೊಡ್ಡ ಸಮಾಧಾನ: ಹಾಗಾದರೆ ಇವಳು ನಾಗಸಂದ್ರಕ್ಕೆ ಹೋಗುತ್ತಿಲ್ಲ. ಅದರ ಬೆನ್ನಿಗೇ ಇನ್ನೊಂದು ಲೆಕ್ಕ.

"ಅಂಗಾದ್ರೆ ನಿಜವಾಗ್ಲೂ ವೋಗೈತೆ ಅನ್ನು."

"ಮದಲಿಂದ ಅದನ್ನ ಹೇಳಾಕತ್ತೀನಿ."

"ಮತ್ತೆ ನಿನ್ನನ್ನ ಇಲ್ಲಿ ಕೂರ್ಸಿ ನಾನೇನ್ ಮಾಡ್ಲಮ್ಮಿ?" ದನಿಯಲ್ಲಿ ಕೋಪವಿರಲಿಲ್ಲ, ಮೊಳಕೆ ಬಾರದ ಬೀಜವನ್ನು ಅಂಗಡಿಗೆ ವಾಪಸು ಕೊಡುವವನ ನಯವಿತ್ತು. ಸಂಬಳದ ಮಾತೂ ಸೀರೆಯ ಮಾತೂ ಎತ್ತಲೇ ಇಲ್ಲ. ಹೊಸೆಯುವವರ ಸಾಲಿನಲ್ಲಿ ಜಾಗವಿದೆ, ನಾಳೆಯಿಂದ ಮಣೆ ತೆಗೆದುಕೊ ಎಂದ.

ಅವಳು ಈ ಶೀತ ತಂದವರು ಯಾರೆಂದು ಕೇಳಿದಳು. ಮೊಳೆ ಹೊಡೆದ ಕೋಣೆಯಲ್ಲಿ ಅವಳ ಮುಖಕ್ಕೇ ಸೀನಿದವರು ಯಾರೆಂದು ಕೇಳಿದಳು. ಸೀತ ಯಾರಿಗೆ ಬರುವುದಿಲ್ಲ, ಅದಕ್ಕೆಲ್ಲ ಯಾರಾದರೂ ಹೊಣೆಯಾಗುತ್ತಾರಾ ಎಂದ ಪಿಳ್ಳಪ್ಪ. ಲೋಕದಲ್ಲಿ ಬಹುಪಾಲು ಜನರ ಅಭಿಪ್ರಾಯವೂ ಅದೇ.

"ನಿಮ್ಮ ಕೆಲ್ಸ ನೀವ ಇಟ್ಕೊಳ್ರಿ. ನಾ ಸುಳ್ಳು ಹೇಳಿಲ್ಲ ಅಂತ ಹೊರಗ ಬಂದು ಹೇಳ್ರಿ."

ಇಷ್ಟೇ ತಾನೆ ಎಂದು ಅವನು ಪರದೆ ಸರಿಸಿ ಹೊರಬಂದ. ಶಿವಲಿಂಗವ್ವ ಸುಳ್ಳು ಹೇಳಿರಲಿಲ್ಲವಂತೆ, ಪಾಪ, ಅವಳ ಮೂಗು ನಿಜವಾಗಿಯೂ ಕೆಟ್ಟುಹೋಗಿದೆಯಂತೆ ಎಂದು ಸಾರಿದ. ಸಾಲಿನುದ್ದಕ್ಕೂ ಲೊಚಗುಟ್ಟುವ ಸದ್ದು ಹೋಯಿತು. ಅಯ್ಯೋ ಪಾಪ. ಯಾವ ದೇವರಿಗೆ ಹರಕೆ ಹೊತ್ತರೆ ಒಳ್ಳೆಯದು ಎಂದು ಒಬ್ಬಳು ಶುರುಮಾಡಿಯೂ ಬಿಟ್ಟಳು.

ಶಿವಲಿಂಗವ್ವ ಸುಳ್ಳಿ ಎನಿಸಿಕೊಂಡಾಗಲೂ ಇಷ್ಟು ಕೆಂಪಾಗಿರಲಿಲ್ಲ.

"ಪಾಪ ಅನಬ್ಯಾಡ್ರಿ. ತಪ್ಪಾತು ಅನ್ರಿ."

ಅವಳು ಬಾಗಿಲಲ್ಲೇ ನಿಂತಳು. ಹೊಸೆಯುವ ಕೈಗಳು ಮೊದಲು ನಿಧಾನವಾದವು, ಆಮೇಲೆ ನಿಂತವು. ಅಂಥ ಮುಖವನ್ನು ಎದುರಿಗೆ ಇಟ್ಟುಕೊಂಡು ಕಡ್ಡಿ ಹೊಸೆಯುವುದು ಕಷ್ಟ. ರತ್ನಕ್ಕ ಮಣೆಯಿಂದ ತಲೆಯೆತ್ತಿ, "ತಪ್ಪಾಯ್ತು ಕಣವ್ವ. ನಾಟ್ಕ ಅಂದಿದ್ದು ನಾನೇ," ಎಂದಳು. ಉಳಿದವರೂ ಗೊಣಗಿದರು. ಇನ್ನು ಕೆಲಸ ಸಾಗುತ್ತದೆಂದು ಪಿಳ್ಳಪ್ಪ ವಲ್ಲಿ ಕೊಡವಿಕೊಂಡ.

ರತ್ನಕ್ಕ ಕೈ ಒರೆಸಿಕೊಂಡು ಮಡಿಲಲ್ಲಿಟ್ಟುಕೊಂಡಳು. "ಸಾವ್ಕಾರ್ರು ಇನ್ನೂ ಅಂದಿಲ್ವಲ್ಲ."

ಕಲಸಿದ ಮಸಾಲೆಗೆ ತಾಳ್ಮೆ ಕಡಿಮೆ. ಗಾಳಿಗೆ ಬಿಟ್ಟರೆ ಅದು ಮೊದಲು ಬಿರುಕು ಬಿಡುತ್ತದೆ, ಆಮೇಲೆ ಕಲ್ಲಾಗುತ್ತದೆ; ಕಲ್ಲಾದದ್ದನ್ನು ತಿಪ್ಪೆಗೆ ಹಾಕಬೇಕು. ಪಿಳ್ಳಪ್ಪ ಒಬ್ಬೊಬ್ಬರ ಹೆಸರು ಹಿಡಿದು ಕೂಗಿದ, ಎಲ್ಲರನ್ನೂ ಮನೆಗೆ ಕಳಿಸುತ್ತೇನೆಂದ. ಯಾರ ಕೈಯೂ ಮಣೆಗೆ ಹೋಗಲಿಲ್ಲ. ಮಣೆಗಳ ಮೇಲಿನ ಉಂಡೆಗಳ ಅಂಚು ಬೆಳ್ಳಗಾಗತೊಡಗಿತು. ಅವನು ಉಂಡೆಗಳನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಉಂಡೆಗಳನ್ನು ನೋಡಿದ.

"ಆಯ್ತು, ತಪ್ಪಾಯ್ತು," ಎಂದ.

ಅವನು ಆಗಲೂ ಮಸಾಲೆಯ ಕಡೆಗೇ ನೋಡುತ್ತಿದ್ದ. ಶಿವಲಿಂಗವ್ವ ಅದನ್ನು ಗಮನಿಸಿದಳು, ಆದರೆ ಎಲ್ಲರೂ ಕೇಳಿದ್ದರು, ಅಷ್ಟು ಸಾಕೆಂದುಕೊಂಡಳು. ನಾಳೆ ಬರುತ್ತೀಯಾ ಎಂದು ರತ್ನಕ್ಕ ಕೇಳಿದಳು. ಮಣೆ ಹಿಡಿಯುವ ಕೆಲಸ ಯಶವಂತಪುರದಲ್ಲಿ ಇದೊಂದೇ ಕಡೆ ಇಲ್ಲ, ಕಿಟಕಿಗೆ ಮೊಳೆ ಹೊಡೆಯದ ಕಡೆ ನೋಡುತ್ತೇನೆ ಎಂದು ಹೇಳಿ ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು.