ಹಸು ಕಟ್ಟಿದ ಮರಕ್ಕೆ ಒಂದು ಬೋರ್ಡು

೧.

ಮೊದಲು ಖರ್ಚು ಹೇಳಿಬಿಡುತ್ತೇನೆ. ಒಂದು ಸೇಬಿನ ಸಸಿಗೆ ಈಗ ನಲವತ್ತು ಜ್ಲೊತಿ. ಗಾಜು ಹಾಕಿದ ಓಕ್ ಮರದ ಬೋರ್ಡಿಗೆ ಎರಡು ಸಾವಿರದ ನಾನೂರು. ಹಣ್ಣು ಹಿಂಡುವ ಯಂತ್ರಕ್ಕೆ ಹದಿನೆಂಟು ಸಾವಿರ. ಕೆಸರಿನ ದಾರಿಗೆ ಡಾಮರು ಹಾಕಿಸಲು ಎಷ್ಟಾಗುತ್ತದೆ ಎಂದು ಕೇಳಿದರೆ ನಮ್ಮೂರಿನ ಮುಖಂಡ ಲುಚ್ಯಾನ್ ಆಕಾಶ ನೋಡುತ್ತಾನೆ. ಆ ಬೋರ್ಡಿನ ಮೇಲೆ ಬರೆಯಬೇಕಾದ ಅರ್ಧ ಪುಟ ಚರಿತ್ರೆಗೆ ಮಾತ್ರ ಸೊನ್ನೆ. ಅದನ್ನು ಬರೆಯಬೇಕಾದವಳು ನಾನು.

ಕಥೆಯನ್ನು ಹೀಗೆ ಶುರು ಮಾಡಬಹುದೇ? ಗೊತ್ತಿಲ್ಲ. ಮೂವತ್ತು ವರ್ಷ ಅಂಗಡಿ ನಡೆಸಿದವಳಿಗೆ ಬೆಲೆ ಹೇಳದೆ ಬಾಯಿ ತೆರೆಯಲು ಬರುವುದಿಲ್ಲ. ಈ ಕೆಲಸಕ್ಕೆ ನನ್ನನ್ನೇ ಯಾಕೆ ಹಿಡಿದರು ಎಂದರೆ, ಬೆಲೆಚೀಟಿಗಳಲ್ಲಿ ನನ್ನ ಅಕ್ಷರ ದುಂಡಗಿರುತ್ತದಂತೆ. ನಮ್ಮ ಓಲ್ಶಾನಿಯಲ್ಲಿ ಲೇಖಕಿಯಾಗಲು ಇಷ್ಟು ಸಾಕು. (ಬೇರೆ ಊರುಗಳಲ್ಲಿ ಇಷ್ಟೂ ಕೇಳುವುದಿಲ್ಲ ಎಂದು ಕೇಳಿದ್ದೇನೆ.)

೨. ಮೊದಲ ಡ್ರಾಫ್ಟ್

‘ಯುದ್ಧ ಮುಗಿದ ಮರುವರ್ಷ ಪೂರ್ವದಿಂದ ಬಂದ ಓಲ್ಶಾನಿಯ ಹಿರಿಯರು ಈ ಮಣ್ಣನ್ನು ಮನಸಾರೆ ಪ್ರೀತಿಸಿ, ಒಗ್ಗಟ್ಟಿನಿಂದ ದುಡಿದು, ಸೇಬಿನ ತೋಟಗಳನ್ನು ಬೆಳೆಸಿದರು...’

ಇಲ್ಲಿಗೆ ಪೆನ್ನು ಕೆಳಗಿಟ್ಟೆ. ಬಂದದ್ದು ನಿಜ. ಉಳಿದದ್ದೆಲ್ಲ ಲುಚ್ಯಾನ್ ಹೇಳಿ ಬರೆಸಿದ್ದು. ಹಾಳೆಯನ್ನು ಮುದ್ದೆ ಮಾಡಿ ಗಲ್ಲಾಪೆಟ್ಟಿಗೆಯ ಹಿಂದೆ ಎಸೆದೆ.

೨. (ಮತ್ತೆ)

ನಿಜ ಇಷ್ಟು. ಬುಗ್ ನದಿಯಾಚೆಗಿದ್ದ ನಮ್ಮವರ ಹಳ್ಳಿ ಸೋವಿಯತ್ತಿನ ಪಾಲಾಯಿತು. ನಮ್ಮವರನ್ನು ದನಕರುಗಳ ಸಮೇತ ಗೂಡ್ಸ್ ರೈಲಿಗೆ ತುಂಬಿ, ಯುದ್ಧದಲ್ಲಿ ಸೋತ ಜರ್ಮನರಿಂದ ಕಿತ್ತು ನಮ್ಮ ದೇಶಕ್ಕೆ ಸೇರಿಸಿದ್ದ ಈ ಪಶ್ಚಿಮದ ಗಡಿಯಲ್ಲಿ ತಂದು ಇಳಿಸಿದರು. ಇಲ್ಲಿದ್ದ ಜರ್ಮನರನ್ನು ಆಗಷ್ಟೇ ಎಬ್ಬಿಸಿ ಕಳಿಸಿದ್ದರು. ಗಟ್ಟಿ ಇಟ್ಟಿಗೆ ಮನೆಗಳು, ಒಲೆಯ ಮೇಲೆ ಇನ್ನೊಬ್ಬರ ಪಾತ್ರೆ. ನಮ್ಮವರು ಒಳಗೆ ಹೋಗಿ ಕೂತರು, ಕೂತು ಕಾದರು. ಏನು ಕಾದರು ಎಂದರೆ, ವಾಪಸ್ ಹೋಗುವುದನ್ನು. ಇವತ್ತಲ್ಲ ನಾಳೆ ಗಡಿ ಮತ್ತೆ ಸರಿಯುತ್ತದೆ, ಜರ್ಮನ್ ಬಂದು ಬಾಗಿಲು ತಟ್ಟುತ್ತಾನೆ, ನಾವು ನಮ್ಮೂರಿಗೆ ಹೊರಡುತ್ತೇವೆ. ಗಾಡಿಯ ಅಚ್ಚಿಗೆ ಗ್ರೀಸ್ ಹಚ್ಚಿಯೇ ಇಡುತ್ತಿದ್ದರು. ಮೂಟೆ ಬಿಚ್ಚುತ್ತಿರಲಿಲ್ಲ. ಹೆಂಚು ಒಡೆದರೆ ಕೆಳಗೊಂದು ಬಕೆಟ್ ಇಡುತ್ತಿದ್ದರು. ಜರ್ಮನ್‌ನ ಮಾಡಿಗೆ ನಮ್ಮ ಹೆಂಚು ಯಾಕೆ ದಂಡ?

ಊರಿಗೊಂದು ಕಾನೂನಿತ್ತು. ಆ ವರ್ಷವೇ ತಟ್ಟೆಗೆ ಬಾರದ ಯಾವುದನ್ನೂ ನೆಡಬಾರದು. ಆಲೂಗಡ್ಡೆ ಸರಿ, ಕೋಸು ಸರಿ, ರೈ ಧಾನ್ಯ ಸರಿ. ಮರ ಕೂಡದು. ಮರ ನೆಟ್ಟವನು ಇಲ್ಲೇ ಉಳಿಯಲು ಒಪ್ಪಿದ ಹಾಗೆ, ಒಪ್ಪಿದವನು ದ್ರೋಹಿ. ಜರ್ಮನರು ಬಿಟ್ಟುಹೋದ ತೋಟಗಳ ಕೊಂಬೆಯನ್ನೂ ಯಾರೂ ಸವರಲಿಲ್ಲ. ಅವು ಪಾಚಿ ಹಿಡಿದು ಒಣಗಿದವು. ನಮ್ಮವರು ಚಳಿಗಾಲದಲ್ಲಿ ಅವನ್ನೇ ಕಡಿದು ಒಲೆಗೆ ಹಾಕಿ, ಆ ಒಲೆಯ ಮುಂದೆ ಕೂತು, ಪೇಟೆಯಿಂದ ಕೊಂಡು ತಂದ ಸೇಬು ತಿಂದರು. ಒಳ್ಳೆಯ ಮಣ್ಣಿನ ಮೇಲೆ ಕೂತು ಎರಡು ತಲೆಮಾರು ಸೇಬು ಕೊಂಡು ತಿಂದ ಊರು ಇನ್ನೊಂದಿದ್ದರೆ ತೋರಿಸಿ, ಅವರಿಗೂ ಒಂದು ಬೋರ್ಡ್ ಕೊಡಿಸೋಣ.

ಈ ಕಾನೂನನ್ನು ಅಂಗಳದಿಂದ ಅಂಗಳಕ್ಕೆ ನಡೆದು ಕಾಯುತ್ತಿದ್ದವನು ಹಿಲಾರಿ. ಲುಚ್ಯಾನನ ತಾತ. ಇದನ್ನು ನೀವು ನೆನಪಿಟ್ಟುಕೊಳ್ಳಿ, ಯಾಕೆಂದರೆ ಲುಚ್ಯಾನ್ ಮರೆತಿದ್ದಾನೆ.

೩. ಪಾತ್ರವೇ ಅಂಗಡಿಗೆ ಬರುತ್ತದೆ

ಈಗ ಯಾವುದೋ ನಿಧಿಯಿಂದ ಹಣ ಬರುತ್ತದಂತೆ. ಪ್ರಾಜೆಕ್ಟಿನ ಹೆಸರು ‘ನಮ್ಮ ಹಿರಿಯರ ಹಣ್ಣಿನ ಪರಂಪರೆ’. (ನಗಬೇಡಿ. ಇನ್ನೂ ಇದೆ.) ಷರತ್ತು ಇಷ್ಟು: ವಲಸೆ ಬಂದವರು ನೆಟ್ಟ, ಐವತ್ತು ವರ್ಷ ದಾಟಿದ ಹಣ್ಣಿನ ಮರ ಒಂದಾದರೂ ಊರಲ್ಲಿ ಬದುಕಿರಬೇಕು. ಅದರ ಪಕ್ಕ ಬೋರ್ಡ್ ಇರಬೇಕು. ನೋಡಲು ಬರುವವರಿಗೆ ಬೋರ್ಡಿನವರೆಗೆ ಡಾಮರು ದಾರಿ ಹಾಕಿಸಿಕೊಡುತ್ತಾರೆ.

ಅಂಥ ಮರ ಊರಲ್ಲಿ ಒಂದೇ ಒಂದು. ಕೊನೆಯ ಮನೆಯ ಪೆತ್ರೊನೆಲಾಳ ಕೊಟ್ಟಿಗೆಯ ಹಿಂದೆ, ಅರ್ಧ ನೆಲಕ್ಕೆ ಬಾಗಿ ನಿಂತಿರುವ ಸೇಬಿನ ಮರ.

ಪೆತ್ರೊನೆಲಾಗೆ ಎಂಬತ್ತು ದಾಟಿದೆ. ಒಬ್ಬಳೇ, ಊರುಗೋಲು, ಸಿಡುಕು. ಸಾಮಾನಿಗೆ ನನ್ನ ಅಂಗಡಿಗೇ ಬರುತ್ತಾಳೆ. ಜರ್ಮನರ ಹಳೆಯ ಸ್ಮಶಾನದ ಗೋಡೆ ದಾಟಿ ಆಚೆ ಅವಳ ಮನೆ, ಅಲ್ಲಿಗೆ ಹೋಗುವ ದಾರಿ ವರ್ಷದ ಮುಕ್ಕಾಲು ಪಾಲು ಕೆಸರು. ಬ್ರೆಡ್ಡಿನ ವ್ಯಾನು ಮುಖ್ಯರಸ್ತೆಯಲ್ಲೇ ಹಾರ್ನ್ ಹೊಡೆದು ಹೊರಟುಹೋಗುತ್ತದೆ. ಹೋದ ಚಳಿಗಾಲ ಅವಳು ಜಾರಿ ಬಿದ್ದಾಗ ಆಂಬುಲೆನ್ಸ್ ಒಳಗೆ ಬರಲಾಗದೆ, ಕೊಟ್ಟಿಗೆಯ ಬಾಗಿಲು ಕಿತ್ತು, ಅದರ ಮೇಲೆ ಮಲಗಿಸಿ ಹೊತ್ತು ತಂದರು. ಅವಳ ಮರಕ್ಕೆ ಬೋರ್ಡ್ ಬಂದರೆ ಡಾಮರು ಅವಳ ಗೇಟಿಗೆ ಬರುತ್ತದೆ. ಅವಳ ಪಾಲಿಗೆ ಈ ಕಥೆಯಲ್ಲಿ ಇರುವುದು ಇಷ್ಟು.

೪. ಎರಡನೆಯ ಡ್ರಾಫ್ಟ್ ಮತ್ತು ಅದರ ಮೇಲಿನ ಜಗಳ

ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಹದಿನಾರರ ಹುಡುಗಿ ಪೆತ್ರೊನೆಲಾ ಮೊಟ್ಟೆ ಮಾರಿದ ದುಡ್ಡಿನಲ್ಲಿ ಸಂತೆಯಿಂದ ಸೇಬಿನ ಸಸಿ ತಂದು ಕೊಟ್ಟಿಗೆಯ ಹಿಂದೆ ನೆಡುತ್ತಾಳೆ. ಹಿಲಾರಿ ಅಂಗಳಕ್ಕೆ ಬಂದು, ಜರ್ಮನ್‌ನ ಬಾಯಿಗೆ ಹಣ್ಣು ಬೆಳೆಸುತ್ತಿದ್ದೀರಾ ಎಂದು ಹತ್ತು ಜನ ಕೇಳುವ ಹಾಗೆ ಬೈಯುತ್ತಾನೆ. ಅಪ್ಪ ಬಜಿಲಿ ತಲೆ ತಗ್ಗಿಸುತ್ತಾನೆ. ಸಸಿ ಕೀಳುವುದಿಲ್ಲ. ಮಾರನೆಯ ಬೆಳಿಗ್ಗೆ ಕ್ರಾಸುಲಾ ಎಂಬ ಹಸುವನ್ನು ತಂದು ಸಸಿಗೇ ಕಟ್ಟುತ್ತಾನೆ. ಆದರೆ ಮಗಳ ಮೇಲಿನ ಪ್ರೀತಿಯಿಂದ ಹಗ್ಗವನ್ನು ಉದ್ದ ಬಿಡುತ್ತಾನೆ.

“ಏನೇ ಗೇನ್ಯಾ, ಉದ್ದ ಹಗ್ಗ ಅಂತ ಬರ್ದಿದೀಯ?”

ಓದುವವರಿಗೆ ಕಣ್ಣಲ್ಲಿ ನೀರು ಬರಲಿ ಎಂದು ಬರೆದೆ ಅಂದೆ.

“ಗಿಡ್ಡ ಹಗ್ಗ ಕಣೇ. ಹುಲ್ಲು ಅತ್ಲಾಗೆ, ಹಸು ಇತ್ಲಾಗೆ, ಮಧ್ಯ ನನ್ನ ಸಸಿ. ದಿನಾ ಎಳೆಯೋದು, ದಿನಾ ಬಾಗೋದು. ಕೀಳೋಕೆ ಅಪ್ಪನಿಗೆ ಧೈರ್ಯ ಇರ್ಲಿಲ್ಲ, ಹಸು ಕೈಲಿ ಮಾಡಿಸ್ದ.”

ಸಂಜೆ ಹಾಲು ಕರೆದ ಮೇಲೆ ಅವಳು ಹೋಗಿ ಸಸಿಗೆ ಕವೆಗೋಲು ಕೊಟ್ಟು, ಹರಿದ ಲಂಗದ ಬಟ್ಟೆ ಸುತ್ತುತ್ತಿದ್ದಳಂತೆ. ಬೆಳಿಗ್ಗೆ ಅಪ್ಪ ಕವೆಗೋಲು ತೆಗೆದಿಟ್ಟು ಹಸು ಕಟ್ಟುತ್ತಿದ್ದನಂತೆ. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಊರಿನ ಹೆಂಗಸರು ಮಾತ್ರ ಆಡಿದರು. ಚರ್ಚಿನಲ್ಲಿ ಅವಳ ಪಕ್ಕ ಕೂರುವುದನ್ನು ಬಿಟ್ಟರು. ಅವಳನ್ನು ಕೇಳಿಕೊಂಡು ಬಂದ ಗಂಡು ಹಿಲಾರಿಯ ಮನೆ ದಾಟುವಷ್ಟರಲ್ಲಿ ಮನಸ್ಸು ಬದಲಾಯಿಸಿ ಹಿಂದಕ್ಕೆ ಹೋದ.

ಕೊನೆಗಾಲದಲ್ಲಾದರೂ ಅಪ್ಪ ಕದ್ದು ಒಂದು ಸೇಬು ತಿಂದ ಅಂತ ಬರೆಯಲೇ ಎಂದು ಕೇಳಿದೆ. ಬಿಟ್ಟುಬಿಡಲು ಮನಸ್ಸಿರಲಿಲ್ಲ.

“ಸಾಯೋ ಮುಂಚೆ ಸುಟ್ಟ ಸೇಬು ಕಲಸಿ ಬಾಯಿಗಿಟ್ಟೆ. ಗೋಡೆ ಕಡೆ ತಿರುಗ್ದ. ಹಂಗೇ ಬರಿ.”

ನನ್ನ ಪಾತ್ರಗಳ ಅದೃಷ್ಟವೇ ಹೀಗೆ. ಕರುಣೆ ತೋರಿಸಲು ಹೋದರೆ ಕೈಗೆ ಹೊಡೆಯುತ್ತವೆ.

೫. ಜರ್ಮನ್ ಬಂದದ್ದು

ಇಡೀ ಊರು ಹೆದರಿ ಕಾದ ಜರ್ಮನ್ ಎಪ್ಪತ್ತರ ದಶಕದಲ್ಲಿ ಕೊನೆಗೂ ಬಂದ. ಬಂದ ಅಲ್ಲ, ಬಂದಳು. ನೀಲಿ ಟೋಪಿಯ ಮುದುಕಿ, ಬಾಡಿಗೆ ಕಾರು. ಊರಿನ ಕಿಟಕಿಗಳೆಲ್ಲ ಮುಚ್ಚಿದವು. ಹಿಲಾರಿ ಮೂಟೆಗಳನ್ನು ಎಣಿಸಿದನಂತೆ. ಅವಳು ಯಾವ ಮನೆಯ ಬಾಗಿಲನ್ನೂ ತಟ್ಟಲಿಲ್ಲ. ಸ್ಮಶಾನದ ಗೋಡೆಯ ಪಕ್ಕದ ಪಿಯರ್ ಮರದ ಕೆಳಗೆ ನಿಂತು, ನಾನು ಹುಟ್ಟಿದ ವರ್ಷ ನನ್ನಪ್ಪ ನೆಟ್ಟದ್ದು ಎಂದು ಡ್ರೈವರನ ಬಾಯಲ್ಲಿ ಹೇಳಿಸಿದಳು. ಎರಡು ಹಣ್ಣು ಕಿತ್ತುಕೊಂಡಳು. ಹೊರಗೆ ಬಂದವಳು ಪೆತ್ರೊನೆಲಾ ಒಬ್ಬಳೇ. ಅವಳಿಗೆ ಮುದುಕಿ ಕಾಫಿಪುಡಿಯ ಪೊಟ್ಟಣ ಕೊಟ್ಟಳು. ಬೇಲಿಯ ಸಂದಿಯಲ್ಲಿ ಇಣುಕುತ್ತಿದ್ದ ಮಕ್ಕಳಿಗೆ ಚಾಕೊಲೇಟ್ ಕೊಟ್ಟು, ಕಾರು ಹತ್ತಿ ಹೋದಳು. ಚಾಕೊಲೇಟ್ ತಿಂದವರಲ್ಲಿ ಲುಚ್ಯಾನ್ ಒಬ್ಬ.

ಇಷ್ಟಕ್ಕೆ ನಾವು ಮೂವತ್ತು ವರ್ಷ ಬಕೆಟ್ ಇಟ್ಟುಕೊಂಡು ಮಲಗಿದ್ದೆವು.

ಆಮೇಲೆ ಗಡಿ ತೆರೆಯಿತು, ಜರ್ಮನರು ಸಾಲುಗಟ್ಟಿ ಕಾರಿನಲ್ಲಿ ಬಂದರು, ಅಗ್ಗದ ಸಿಗರೇಟು ಕೊಳ್ಳಲು. ಅವರ ಹೆಸರು ಕೇಳಿ ನಡುಗುತ್ತಿದ್ದ ಊರು ರಸ್ತೆ ಬದಿಯಲ್ಲಿ ಸಾಲಾಗಿ ನಿಂತು ಅವರಿಗೆ ತೋಟದಲ್ಲಿ ನಿಲ್ಲಿಸುವ ಪ್ಲಾಸ್ಟರ್ ಕುಳ್ಳರ ಗೊಂಬೆ ಮಾರಿತು. ನಾನೂ ಮಾರಿದೆ. ಒಳ್ಳೆಯ ಲಾಭ ಬಂತು. ಮರ ನೆಡುವುದು ತಪ್ಪು ಎಂದಿದ್ದವರಿಗೆ ಟೋಪಿ ಹಾಕಿದ ಕುಳ್ಳರನ್ನು ನೆಡುವುದರಲ್ಲಿ ತಪ್ಪು ಕಾಣಲಿಲ್ಲ.

೭. (ಆರನ್ನು ಹರಿದು ಹಾಕಿದೆ. ಅದರಲ್ಲಿ ಹುಣ್ಣಿಮೆ ಚಂದ್ರನ ವರ್ಣನೆ ಇತ್ತು.)

ಲುಚ್ಯಾನ್ ಅಂಗಡಿಗೆ ಬಂದ. ಪೆತ್ರೊನೆಲಾ ಉಪ್ಪು ಕೊಳ್ಳುತ್ತಿದ್ದಳು. ನಾನು ಬರೆದ ಹಸುವಿನ ಕಥೆಯನ್ನು ನಿಂತಲ್ಲೇ ಓದಿದ. ತಾತನ ಹೆಸರು ಬಂದಲ್ಲಿ ಅವನ ತುಟಿ ನಿಂತುಹೋಯಿತು. ನಿಧಿಯವರು ಇಂಥದ್ದಕ್ಕೆ ಹಣ ಕೊಡುವುದಿಲ್ಲ, ಅವರಿಗೆ ಸಮುದಾಯ ಬೇಕು, ಒಗ್ಗಟ್ಟು ಬೇಕು ಎಂದ. ನನ್ನನ್ನು ಬಿಟ್ಟು ನೇರ ಅವಳತ್ತ ತಿರುಗಿದ.

“ಒಂದೇ ಸಾಲು ಅಜ್ಜಿ. ಊರವರೆಲ್ಲ ಸೇರಿ ನೆಟ್ಟ ಮರ, ಅಂತ. ನೀವು ಹೂಂ ಅನ್ನಿ, ಡಾಮರು ನಿಮ್ಮ ಗೇಟಿಗೆ ಬರುತ್ತೆ.”

“ಊರವರೆಲ್ಲ ಸೇರಿ ಹಸು ಕಟ್ಟಿದ್ದು ಕಣಪ್ಪ. ಹಂಗೆ ಬರಿ, ಹೂಂ ಅಂತೀನಿ.”

“ಈಗ ಯಾರಿಗ್ ಗೊತ್ತಾಗುತ್ತೆ?”

“ನಿನ್ನ ತಾತನಿಗೆ. ಸತ್ತ ಮೇಲೆ ತೋಟಗಾರ ಆದೆನಲ್ಲಾ ಅಂತ ಪಾಪ ಗಾಬರಿ ಬೀಳ್ತಾನೆ.”

ಅವನು ಬಾಗಿಲನ್ನು ತುಸು ಜೋರಾಗಿಯೇ ಹಾಕಿಕೊಂಡು ಹೋದ. ನಾನು ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಒಪ್ಪಿಕೋ ಅಂದೆ. ನಾನು ವ್ಯಾಪಾರದವಳು, ಒಂದು ಸಾಲಿನ ಸುಳ್ಳಿಗೆ ಗೇಟಿನವರೆಗೆ ರಸ್ತೆ ಸಿಗುವುದಾದರೆ ಅದು ಅಗ್ಗ. ಬೋರ್ಡನ್ನು ಯಾರೂ ಓದುವುದಿಲ್ಲ, ರಸ್ತೆಯಲ್ಲಿ ಎಲ್ಲರೂ ನಡೆಯುತ್ತಾರೆ. ಮುಂದಿನ ಸಲ ಬಿದ್ದರೆ ಕೊಟ್ಟಿಗೆಗೆ ಇನ್ನೊಂದು ಬಾಗಿಲಿಲ್ಲ ಎಂದೂ ಹೇಳಿದೆ.

ಅವಳು ಉಪ್ಪಿನ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡಳು.

“ರಸ್ತೆ ಬೇಕು ಗೇನ್ಯಾ. ಬೇಡ ಅಂತ ಯಾರಂದ್ರು? ಆದ್ರೆ ಆ ಮರಕ್ಕೆ ಬೈಸ್ಕೊಂಡೋಳು ನಾನೊಬ್ಳೇ. ಆಗ ಊರವರೆಲ್ಲ ಸೇರಿ ಬೈಸ್ಕೊಂಡ್ವಿ ಅಂತ ಯಾರೂ ಬರ್ಲಿಲ್ಲ. ಈಗ ಹೊಗಳಿಕೆ ಹಂಚ್ಕೊಳ್ಳೋಕೆ ಬರ್ತಾರೆ. ಕೊಡಲ್ಲ.”

ಮಡಿಲಿನ ಉಪ್ಪನ್ನು ಚೀಲಕ್ಕೆ ಹಾಕಿಕೊಂಡು, ಕೆಸರಿನಲ್ಲಿ ನಡೆದು ಹೋದಳು.

೮. ಎಂಡಿಂಗುಗಳು. ಬೇಕಾದ್ದನ್ನು ಆರಿಸಿಕೊಳ್ಳಿ, ಬೆಲೆ ಒಂದೇ

ಅ) ಬೆಳಿಗ್ಗೆ ಅವಳು ಮನಸ್ಸು ಬದಲಾಯಿಸುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಿಧಿಯವರಿಗೆ ಇದು ಬಹಳ ಹಿಡಿಸುತ್ತದೆ.

ಆ) ಲುಚ್ಯಾನ್ ಮರದ ಕೆಳಗೆ ನಿಂತು ತಾತನ ಪರವಾಗಿ ಕ್ಷಮೆ ಕೇಳುತ್ತಾನೆ. (ಇದನ್ನು ಬರೆಯುವಾಗ ನನಗೇ ನಗು ಬಂದು ಸಾಲು ಸೊಟ್ಟಗಾಯಿತು.)

ಇ) ಬಿರುಗಾಳಿಗೆ ಮರ ಬೀಳುತ್ತದೆ. ಇದನ್ನು ಪೆತ್ರೊನೆಲಾಗೆ ಹೇಳಿದ್ದಕ್ಕೆ, ನನ್ನ ಮರ ಬೀಳಿಸಿದರೆ ನಿನ್ನ ಅಂಗಡಿಗೆ ಕಾಲಿಡುವುದಿಲ್ಲ ಎಂದಳು. ಗಿರಾಕಿ ಮುಖ್ಯ. ಮರ ನಿಂತಿದೆ.

೯. ಆದದ್ದು

ಲುಚ್ಯಾನ್ ಬೇರೆ ಮರ ಹುಡುಕಿಕೊಂಡ. ಸ್ಮಶಾನದ ಗೋಡೆಯ ಪಿಯರ್ ಮರ. ಐವತ್ತು ದಾಟಿದೆಯೇ? ಧಾರಾಳವಾಗಿ. ಹಿರಿಯರು ನೆಟ್ಟದ್ದೇ? ಹೌದು, ಯಾರ ಹಿರಿಯರು ಎಂದು ನಿಧಿಯವರು ಕೇಳಲಿಲ್ಲ. ಚಾಕೊಲೇಟ್ ತಿಂದ ಬಾಯಿ ಹೇಳಲಿಲ್ಲ.

ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸಿದರು, ಗಾಜಿನ ಹಿಂದಿದ್ದ ಬರಹವನ್ನು ಗಟ್ಟಿಯಾಗಿ ಓದಿದರು. ‘ಈ ಮಣ್ಣನ್ನು ಮನಸಾರೆ ಪ್ರೀತಿಸಿ, ಒಗ್ಗಟ್ಟಿನಿಂದ ದುಡಿದು, ಸೇಬಿನ ತೋಟಗಳನ್ನು ಬೆಳೆಸಿದರು.’ ನಾನು ಗಲ್ಲಾಪೆಟ್ಟಿಗೆಯ ಹಿಂದೆ ಎಸೆದ ಮುದ್ದೆಯನ್ನು ಲುಚ್ಯಾನ್ ಯಾವಾಗ ಎತ್ತಿಕೊಂಡನೋ. ನಾನು ಬರೆದದ್ದರಲ್ಲಿ ಬಿಸಾಡಿದ್ದೊಂದೇ ಪ್ರಕಟವಾಯಿತು, ಅದೂ ಪಿಯರ್ ಮರದ ಕೆಳಗೆ. ಬಂದವರಿಗೆಲ್ಲ ಹೊಸ ಯಂತ್ರದಲ್ಲಿ ಸೇಬಿನ ರಸ ಹಿಂಡಿ ಕೊಟ್ಟರು. ಊರಲ್ಲಿ ಅಷ್ಟು ಸೇಬು ಎಲ್ಲಿಂದ? ಪೇಟೆಯಿಂದ ಕೊಂಡು ತಂದಿದ್ದರು. ಇಡೀ ಸಮಾರಂಭದಲ್ಲಿ ನಮ್ಮ ಹಿರಿಯರ ನಿಜವಾದ ಪರಂಪರೆ ಅದೊಂದೇ.

ಪೆತ್ರೊನೆಲಾ ತನ್ನ ಗೇಟಿನಲ್ಲೇ ನಿಂತು ನೋಡಿದಳು. ಸಂಜೆ ಕುರ್ಚಿಗಳನ್ನು ಒಳಗಿಟ್ಟು ನಾನು ಅತ್ತ ಹೋದೆ. ಅವಳು ಏಪ್ರನ್ನಿನಲ್ಲಿ ಸೇಬು ತುಂಬಿಕೊಂಡು ಬಂದು ನನ್ನ ಚೀಲಕ್ಕೆ ಸುರಿದಳು. ಸಣ್ಣವು, ಒಂದು ಕಡೆ ಕೆಂಪು, ಹುಳಿ.

“ಅರ್ಧ ದಾರಿ ಜರ್ಮನ್ ಮುದುಕಿ ಹಾಕಿಸ್ಕೊಟ್ಳು ನೋಡು. ಕಾಫಿಪುಡಿ ಕೊಟ್ಟಿದ್ದೂ ಅವಳೇ.”

ಕಥೆಯನ್ನು ಇಲ್ಲಿ ಮುಗಿಸಬಹುದಿತ್ತು. ಅವಳು ಬೇಡ ಅಂದಳು. ಬಾಗಿದ ಕಡೆಯ ಕೊಂಬೆಗೆ ಮುಂದಿನ ವರ್ಷ ಕವೆಗೋಲು ಬದಲಾಯಿಸಬೇಕಂತೆ, ಅದಕ್ಕೆ ನಾನು ಬಂದು ಹಿಡಿದುಕೊಳ್ಳಬೇಕಂತೆ. ಹಾಗಾಗಿ ಮುಗಿಸುವುದಿಲ್ಲ. ಲೆಕ್ಕ ಮಾತ್ರ ಹೇಳುತ್ತೇನೆ. ಊರಿಗೆ ಒಂದು ಬೋರ್ಡು, ಒಂದು ಯಂತ್ರ, ಪಿಯರ್ ಮರದವರೆಗೆ ಡಾಮರು ಸಿಕ್ಕಿತು. ಬ್ರೆಡ್ಡಿನ ವ್ಯಾನು ಈಗ ಅಲ್ಲಿಯವರೆಗೆ ಬರುತ್ತದೆ. ಅಲ್ಲಿಂದ ಆಚೆ ಕೆಸರು ಹಾಗೇ ಇದೆ, ಪೆತ್ರೊನೆಲಾ ಅದರಲ್ಲೇ ನಡೆಯುತ್ತಾಳೆ. ಅವಳಿಗೆ ರಸ್ತೆ ತಪ್ಪಿತು. ಮರ ಅವಳದಾಗಿಯೇ ಉಳಿಯಿತು.