ರಟ್ಟಿನ ಮೇಲಿನ ಬಳೆ

ಹೊಸ ಪೆಟ್ಟಿಗೆಗಳು ಹುಬ್ಬಳ್ಳಿಯಿಂದ ಬಂದ ದಿನ ಶಿವಾನಂದ ಒಂದನ್ನು ಬಿಚ್ಚಿ, ಮಡಿಸಿ, ನಿಲ್ಲಿಸಿ, ಪಡಸಾಲೆಯ ನಟ್ಟನಡುವೆ ಇಟ್ಟ. ಮದುಮಗಳನ್ನು ಹಸೆಗೆ ಕೂರಿಸುವಷ್ಟು ಹುಷಾರಿಯಿಂದ ಇಟ್ಟ.

"ನೋಡ್ರಿ ವೈನಿ, ಹೆಂಗ ಆಗೇತಿ?"

ಶೇಂಗಾ ಚಟ್ನಿಯ ಪ್ಯಾಕೆಟ್ಟುಗಳ ಬಾಯಿ ಮುಚ್ಚುತ್ತಿದ್ದ ರಂಜನಾ ತಲೆಯೆತ್ತಿದಳು. ರಟ್ಟಿನ ಮೇಲಿಂದ ಅವಳೇ ಅವಳನ್ನು ನೋಡಿ ನಗುತ್ತಿದ್ದಳು. ಮುಖ ಹಳೆಯದು. ಶಿಗ್ಗಾಂವದ ಇದೇ ಮನೆಯ ಮಾಳಿಗೆಯ ಮೇಲೆ ಅವಳ ಗಂಡ ರುದ್ರೇಶ ತೆಗೆದ ಫೋಟೋ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಳು. ಅದನ್ನೇ ಜನ ನಗು ಅಂದುಕೊಂಡಿದ್ದರು. ಆದರೆ ಈ ಕೈ ಯಾರದು? ಆ ದಿನ ಅವಳ ಕೈಯಲ್ಲಿ ಗಡಿಯಾರ ಬಿಟ್ಟು ಬೇರೇನೂ ಇರಲಿಲ್ಲ. ಈಗ ಕೈ ತುಂಬ ಹಸಿರು ಬಳೆ. ಹಣೆಯ ಮೇಲಿದ್ದ ಸಣ್ಣ ಕುಂಕುಮ ರೂಪಾಯಿಯಷ್ಟು ಅಗಲವಾಗಿತ್ತು. ಕೊರಳಲ್ಲಿ, ಸೆರಗಿನ ಹೊರಗೆ, ಕಣ್ಣಿಗೆ ಹೊಡೆಯುವ ಹಾಗೆ ತಾಳಿ.

"ಪ್ರೆಸ್ಸಿನಾವ ಕಂಪ್ಯೂಟರಿನ್ಯಾಗ ಕೂಡಿಸಿಕೊಟ್ಟ" ಎಂದ ಶಿವಾನಂದ. ರುದ್ರೇಶನ ತಮ್ಮ, ಈಗ ವ್ಯಾಪಾರವೆಲ್ಲ ಅವನ ಕೈಯಲ್ಲಿತ್ತು. "ಈಗ ನೋಡ್ರಿ, ಮನಿತನಸ್ಥ ಹೆಣಮಗಳ ಕಳೆ ಬಂತು. ಅಂಗಡ್ಯಾವ್ರಿಗೆ ಇಂಥಾದ ಬೇಕು."

ರಂಜನಾ ತನ್ನ ಬರಿಗೈ ನೋಡಿಕೊಂಡಳು. ಕಳೆದ ಶ್ರಾವಣದಲ್ಲಿ ಒಂದು ಮುಂಜಾನೆ ರುದ್ರೇಶ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಅವತ್ತು ಇದೇ ಪಡಸಾಲೆಯಲ್ಲಿ ಅತ್ತೆ ಸರೋಜವ್ವ ಅವಳ ಎರಡೂ ಕೈ ಹಿಡಿದು ಹೊಸ್ತಿಲಿಗೆ ಕುಟ್ಟಿದ್ದಳು. ಬಳೆ ಒಡೆದ ಆ ಶಬ್ದ ಇನ್ನೂ ಕಿವಿಯಲ್ಲಿತ್ತು. ಉಳಿದದ್ದೆಲ್ಲ ಮರಗಟ್ಟಿಹೋಗಿತ್ತು. ಅಳು ಬಂದಿರಲಿಲ್ಲ. ಹಸಿವು, ಚಳಿ, ಸೆಕೆ ಯಾವುದೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಪ್ಯಾಕೆಟ್ಟು ತುಂಬು ಅಂದರೆ ತುಂಬುತ್ತಿದ್ದಳು. ಈಗ ರಟ್ಟಿನ ಮೇಲಿನ ಆ ಹಸಿರನ್ನು ನೋಡಿದಾಗ, ಜೋಮು ಹಿಡಿದ ಕಾಲಿಗೆ ರಕ್ತ ತಿರುಗಿ ಹರಿಯುವಾಗ ಚುಚ್ಚುತ್ತದಲ್ಲ, ಹಾಗೆ ಮೈಯೊಳಗೆ ಏನೋ ಚುಚ್ಚಿತು.

ಆ ಪೆಟ್ಟಿಗೆ ಅವಳದೇ ಯೋಚನೆ. ಧಾರವಾಡದ ಯುನಿವರ್ಸಿಟಿಯಲ್ಲಿ ವ್ಯಾಪಾರದ ಪಾಠ ಓದಿ ಬಂದವಳು. ಮದುವೆಯಾದ ಹೊಸದರಲ್ಲಿ ರುದ್ರೇಶನ ಜೊತೆ ಗಾಡಿ ಹತ್ತಿ ಅಂಗಡಿ ಅಂಗಡಿ ತಿರುಗಿದಳು. ಆಗ ಚಟ್ನಿ ಪ್ಯಾಕೆಟ್ಟುಗಳನ್ನು ಸರ ಮಾಡಿ ಅಂಗಡಿಯವನ ಬೆನ್ನ ಹಿಂದೆ ತೂಗುಹಾಕುತ್ತಿದ್ದರು. ಶಾಂಪೂ ಸರದ ಹಿಂದೆ, ಗುಟಖಾ ಸರದ ಹಿಂದೆ ಅವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮಾಲು ತರುವ ಪೆಟ್ಟಿಗೆಯೇ ಅಂಗಡಿಯವನ ಮುಂದಿನ ಗಲ್ಲೆಯ ಮೇಲೆ ನಿಂತು ಮಾಲು ತೋರಿಸಿದರೆ ಹೇಗೆ ಅಂದಳು. ಹಳೆಯ ರಟ್ಟು ಕತ್ತರಿಸಿ ತಾನೇ ಮಾಡಿ ನೋಡಿದಳು. ಮುಚ್ಚಳದ ಸುತ್ತ ಚುಕ್ಕಿ ಚುಕ್ಕಿ ತೂತು. ಆ ಗೆರೆ ಹಿಡಿದು ಹರಿದು ಮುಚ್ಚಳ ಎತ್ತಿ ಹಿಂದಿನ ಸೀಳಿನಲ್ಲಿ ಸಿಕ್ಕಿಸಿದರೆ, ಮುಂದೆ ಪ್ಯಾಕೆಟ್ಟಿನ ಸಾಲು, ಮೇಲೆ ಅವಳ ಮುಖ.

ಮೊದಮೊದಲು ಅಂಗಡಿಯವರಿಗೆ ಚುಕ್ಕಿ ಗೆರೆ ತಿಳಿಯಲಿಲ್ಲ. ಬೆಲ್ಲ ಕೊಯ್ಯುವ ಚಾಕುವಿನಿಂದ ಅಡ್ಡಾದಿಡ್ಡಿ ಕೊಯ್ಯುತ್ತಿದ್ದರು. ರುದ್ರೇಶ ಎಲ್ಲರೆದುರು ಬೊಬ್ಬೆ ಹಾಕುತ್ತಿದ್ದ: "ಏ ಮಾರಾಯಾ, ನನ್ನ ಹೇಂತಿ ಕಿವಿ ಕೊಯ್ದ್ಯಲ್ಲೋ! ಇನ್ನ ಬೆಂಡವಾಲಿ ಯಾವ ಕಿವಿಗೆ ಕೊಡಸ್ಲಿ?" ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಅಂಗಡಿಯವರು ಈ ಮಾತು ಹೇಳಿ ನಗುತ್ತಿದ್ದರು. ಅಂದರೆ ಆ ಮುಖ ಯಾರದೆಂದು ಎಲ್ಲರಿಗೂ ಗೊತ್ತು. ರುದ್ರೇಶ ಸತ್ತದ್ದೂ ಎಲ್ಲರಿಗೂ ಗೊತ್ತು. ಎರಡನ್ನೂ ಕೂಡಿಸಿ ನೋಡುವ ಗೋಜಿಗೆ ಮಾತ್ರ ಯಾರೂ ಹೋಗಿರಲಿಲ್ಲ.

"ನಾಳಿಂದ ನಾ ಲೈನಿಗೆ ಹೋಗ್ತೇನಿ" ಎಂದಳು ರಂಜನಾ. ಅಂಗಡಿಗಳ ಸುತ್ತಿಗೆ ಮನೆಯಲ್ಲಿ ಎಲ್ಲರೂ ಲೈನ್ ಎನ್ನುತ್ತಿದ್ದರು.

ಶಿವಾನಂದ ನಕ್ಕ. ಆಮೇಲೆ ನಗು ನುಂಗಿದ. "ನೀವ್ಯಾಕ್ರಿ ವೈನಿ? ಫೋಟೋ ಐತೆಲ್ಲ ಎಲ್ಲಾ ಕಡೆ."

"ಫೋಟೋ ಗಾಡಿ ಹೊಡೀತೇತೇನು? ಆರ್ಡರ್ ತೊಗೋತೇತೇನು?"

"ಅದಕ್ಕ ನಾ ಅದೇನೆಲ್ಲ." ಅವನು ಪೆಟ್ಟಿಗೆಯ ಅಂಚನ್ನು ಸವರಿದ. "ಮುಂಜಾನೆ ಅಂಗಡಿ ತೆಗಿಯೂದ್ರಾಗ, ಇನ್ನೂ ಬೋಣಿ ಆಗೂಕಿಂತ ಮೊದ್ಲ, ನೀವು ಹೋಗಿ ಬಾಗಲದಾಗ ನಿಂತ್ರ..."

ಮಾತು ಅಲ್ಲೇ ಬಿಟ್ಟ. ಮೂಲೆಯಲ್ಲಿ ಶೇಂಗಾ ಸಿಪ್ಪೆ ತಿಕ್ಕುತ್ತಿದ್ದ ಸರೋಜವ್ವ ಮುಗಿಸಿದಳು. "ಅಂವ ಅನ್ನೂದು ಖರೇ ಐತಿ. ಮಂದಿ ಬಾಯಿಗೆ ಯಾಕ ಬೀಳ್ತಿ? ಮನ್ಯಾಗ ಏನ್ ಕಡಿಮಿ ಆಗೇತಿ ನಿನಗ?"

"ಅಂದ್ರ ಆಕಿ ಇರಬೇಕು, ನಾ ಇರಬಾರದು."

"ಆಕಿ ಯಾರ್ರಿ?" ಎಂದ ಶಿವಾನಂದ.

ರಂಜನಾ ರಟ್ಟಿನ ಕಡೆ ಬೆರಳು ತೋರಿಸಿದಳು. ಇಬ್ಬರೂ ಆ ಕಡೆ ನೋಡಿದರು. ಬಳೆ ತೊಟ್ಟವಳು ಮೂವರನ್ನೂ ನೋಡಿ ನಕ್ಕಳು.

ಮರುದಿನ ಬೆಳಗ್ಗೆ ಶಿವಾನಂದ ಸ್ನಾನಕ್ಕೆ ಹೋದಾಗ ಅವಳು ಮೊಳೆಯಿಂದ ಗಾಡಿಯ ಕೀಲಿ ತೆಗೆದುಕೊಂಡಳು. ಮಾಲು ಹೊರುವ ಮೂರು ಗಾಲಿಯ ಗಾಡಿ; ಹಿಂದೆ ಹೊಸ ಪೆಟ್ಟಿಗೆಗಳು ಆಗಲೇ ತುಂಬಿದ್ದವು. ರುದ್ರೇಶನೇ ಕಲಿಸಿದ ಗಾಡಿ. ಕ್ಲಚ್ಚು ಅವಳ ಕೈಯನ್ನು ಮರೆತಿರಲಿಲ್ಲ.

ಹಿರೇಬೆಂಡಿಗೇರಿಯಲ್ಲಿ ಉಳಿವೆಪ್ಪ ಆಗಷ್ಟೇ ಅಂಗಡಿಯ ಮುಂದೆ ನೀರು ಹೊಡೆದಿದ್ದ. ಹಣೆಯ ತುಂಬ ವಿಭೂತಿ. ಊದಿನಕಡ್ಡಿ ಹಚ್ಚಿ ಗೋಡೆಯ ಬಸವಣ್ಣನ ಫೋಟೋಕ್ಕೆ, ಪಕ್ಕದ ಮಾಲೆ ಹಾಕಿದ ಅಪ್ಪನ ಫೋಟೋಕ್ಕೆ ಬೆಳಗಿದ, ತಕ್ಕಡಿಗೆ ಬೆಳಗಿದ, ಆಮೇಲೆ ಗಲ್ಲೆಯ ಮೇಲೆ ಒಂದು ಸುತ್ತು ತಿರುಗಿಸಿದ. ಗಲ್ಲೆಯ ಮೇಲೆ ಹಳೆಯ ಪೆಟ್ಟಿಗೆ ನಿಂತಿತ್ತು. ಹೊಗೆ ಅವಳ ರಟ್ಟಿನ ಮುಖವನ್ನು ಮುಟ್ಟಿ ಮೇಲೆ ಹೋಯಿತು.

ತಿರುಗಿದವನಿಗೆ ಬಾಗಿಲಲ್ಲಿ ರಂಜನಾ ಕಂಡಳು. ಹಾವು ಕಂಡವನ ಹಾಗೆ ಕಣ್ಣು ಪಕ್ಕಕ್ಕೆ ಎಳೆದುಕೊಂಡ.

"ತಂಗೀ, ಒಂದೀಟ ಆ ಕಡೆ ನಿಂದರವಾ. ಬೋಣಿ ಆಗ್ಲಿ, ಆಮ್ಯಾಲೆ ಮಾತಾಡೂಣು."

"ಕಾಕಾ, ಊದಿನಕಡ್ಡಿ ಯಾರಿಗೆ ಬೆಳಗಿದ್ರಿ?"

"ಗಲ್ಲೆಕ್ಕ ಬೆಳಗ್ದೆ. ಇನ್ಯಾರಿಗೆ?"

"ಗಲ್ಲೆ ಮ್ಯಾಲೆ ಕುಂತಾಕಿ ಯಾರು?"

ಉಳಿವೆಪ್ಪ ಪೆಟ್ಟಿಗೆ ನೋಡಿದ. ಅವಳನ್ನು ನೋಡಲಿಲ್ಲ.

"ನೋಡ್ರಿ ಕಾಕಾ, ಚೆಂದಂಗ ನೋಡ್ರಿ. ಶ್ರಾವಣದಿಂದ ಇಲ್ಲೀತನಕ ದಿನಾ ಮುಂಜಾನೆ ಗಂಡ ಸತ್ತಾಕಿ ಮುಖಾ ನೋಡೇ ಬೋಣಿ ಮಾಡೀರಿ. ಅಂಗಡಿ ಮುಳುಗೇತೇನು? ತಕ್ಕಡಿ ಮುರದೇತೇನು? ಹೊಸಾ ಫ್ರಿಜ್ ಬ್ಯಾರೆ ತಂದೀರಿ."

ಅವಳ ದನಿ ಅವಳಿಗೇ ಹೊಸದು. ಅಷ್ಟು ದೊಡ್ಡ ದನಿ ಇಷ್ಟು ತಿಂಗಳು ಎಲ್ಲಿ ಅಡಗಿತ್ತೋ. ಎದುರು ಮನೆಯ ತಿಪ್ಪವ್ವ, ಚಹಾಪುಡಿಗೆ ಬಂದವಳು, ಮೆಟ್ಟಿಲ ಮೇಲೆ ಕಾಲಿಟ್ಟು ನಿಂತುಬಿಟ್ಟಳು.

"ಫೋಟೋ ಬ್ಯಾರೆ, ಮನಶ್ಯಾ ಬ್ಯಾರೆ" ಎಂದ ಉಳಿವೆಪ್ಪ. "ಫೋಟೋದಾಗ ನೀ ಮುತ್ತೈದಿ ಇದ್ದಿ. ಅದಕ್ಕ ದೋಷ ಇಲ್ಲ."

ತಿಪ್ಪವ್ವ ಕಿಸಕ್ಕನೆ ನಕ್ಕಳು. "ಹಂಗಾದ್ರ ನಿಮ್ಮಪ್ಪನ ಫೋಟೋಕ್ಕ ಮಾಲಿ ಯಾಕ ಹಾಕೀಯೋ ಉಳಿವೆಪ್ಪಾ? ಫೋಟೋದಾಗ ಅಂವ ಜೀವಂತನ ಇದ್ನಲ್ಲ!"

"ನೀ ಸುಮ್ಕಿರ ಬೇ, ನಡುವ ಬಾಯಿ ಹಾಕಬ್ಯಾಡ."

"ನಂಗೇನು? ಚಾಪುಡಿ ಕೊಡು, ಒಲಿ ಮ್ಯಾಲೆ ನೀರು ಕುದ್ಯಾಕತ್ತೇತಿ." ಚಹಾಪುಡಿ ಕೈಗೆ ಬಂದ ಮೇಲೆ ತಿಪ್ಪವ್ವ ರಂಜನಾಳಿಂದ ಒಂದು ಮಾರು ದೂರ ಸರಿದು ಮೆಟ್ಟಿಲು ಇಳಿದಳು. ಹೋಗುತ್ತ ತಗ್ಗಿದ ದನಿಯಲ್ಲಿ ಅಂದಳು: "ಆದ್ರೂ ತಂಗಿ, ಮುಂಜಾನೆ ಮುಂಜಾನೆ ನೀ ಬರಬಾರದಿತ್ತು ನೋಡ."

ಆ ಮಾತು ಉಳಿವೆಪ್ಪನ ಮಾತಿಗಿಂತ ಆಳಕ್ಕೆ ಇಳಿಯಿತು. ನಕ್ಕದ್ದೂ ಇದೇ ಬಾಯಿ.

ಬೋಣಿಯಾಯಿತು. ಈಗ ಉಳಿವೆಪ್ಪನಿಗೆ ಧೈರ್ಯ ಬಂತು. ಪೆಟ್ಟಿಗೆಯನ್ನು ಎತ್ತಿ ಗೋಡೆಗೆ ಮುಖ ಮಾಡಿ ಇಟ್ಟ. "ಇಷ್ಟ ದಿನಾ ಲಕ್ಷ್ಯಕ್ಕ ಬಂದಿರಲಿಲ್ಲ. ನೀನ ಬಂದು ನೆನಪ ಮಾಡಿದಿ. ಇನ್ನ ಈ ಮಾಲು ನನಗ ಬ್ಯಾಡವಾ, ಒಯ್ಯಿ."

"ಒಯ್ತೇನಿ" ಎಂದಳು ರಂಜನಾ. ಗಲ್ಲೆಗೆ ಕೈ ಚಾಚಿ ಪೆಟ್ಟಿಗೆಯನ್ನು ಎಳೆದುಕೊಂಡಳು. ಎರಡು ಪ್ಯಾಕೆಟ್ಟು ನೆಲಕ್ಕೆ ಬಿದ್ದವು. ಎತ್ತಿಕೊಳ್ಳಲಿಲ್ಲ. "ಅವು ನಿಮಗ ಇರ್ಲಿ. ಚಟ್ನಿಗೆ ದೋಷ ಇಲ್ಲ, ಉಣ್ರಿ. ಶೇಂಗಾ ಹುರದು ಕುಟ್ಟಿದ ಕೈನೂ ನಂದ."

ಗಾಡಿಯಲ್ಲಿ ಕುಳಿತಳು. ಹೊಸ ಪೆಟ್ಟಿಗೆಯೊಂದನ್ನು ತೊಡೆಯ ಮೇಲೆ ಎಳೆದುಕೊಂಡಳು. ಗಾಡಿಯ ಕೀಲಿಯ ತುದಿಯನ್ನು ಹಸಿರು ಬಳೆಗಳ ಮೇಲಿಟ್ಟು ಒತ್ತಿ ಎಳೆದಳು. ಹೊಳಪಿನ ಪದರ ಜಾರಿತು. ಎರಡನೆಯ ಸಲಕ್ಕೆ ಹರಿಯಿತು. ಬಣ್ಣದ ಸಿಪ್ಪೆ ಎದ್ದು ಕೆಳಗೆ ಕಂದು ರಟ್ಟು ಕಂಡಿತು. ಕೆರೆದಳು. ಒಂದು ಬಳೆ, ಇನ್ನೊಂದು, ಮತ್ತೊಂದು. ತಾಳಿಯ ಹತ್ತಿರ ಬಂದಾಗ ಕೈ ಒಮ್ಮೆ ನಿಂತಿತು. ಮತ್ತೆ ಕೆರೆದಳು. ಕುಂಕುಮವನ್ನು ಮುಟ್ಟಲಿಲ್ಲ. ಅದು ರುದ್ರೇಶ ಕೊಟ್ಟದ್ದಲ್ಲ. ತೊಟ್ಟಿಲಲ್ಲಿದ್ದಾಗ ಅವ್ವ ಇಟ್ಟದ್ದು.

ಫೋನು ಹೊಡೆದುಕೊಂಡಿತು.

"ವೈನಿ, ಎಲ್ಲಿದ್ದೀರಿ ನೀವು?" ಶಿವಾನಂದನ ದನಿಯಲ್ಲಿ ಮರ್ಯಾದೆ ಅರ್ಧ, ಸಿಟ್ಟು ಅರ್ಧ. "ಉಳಿವೆಪ್ಪ ಫೋನ್ ಮಾಡಿದ್ದ. ಏನೇನೋ ಮಾತಾಡಿದ್ರಂತ. ಲೈನ್ ಕೆಡಸಾಕತ್ತೀರಿ ನೀವು!"

"ಲೈನ್ ಮಾಡಿದಾಕಿನ ನಾನು."

"ಆಗ ಅಣ್ಣ ಇದ್ದ. ಈಗ ಒಬ್ಬಂವ ಅಂದ, ನಾಳೆ ಎಲ್ಲಾರೂ ಅಂತಾರ. ಎಲ್ಲಾರೂ ಪೆಟಗಿ ತಿರುಗಿ ಕಳಿಸಿದ್ರ ಏನ್ ಮಾಡೂದು?"

"ಕೇಳ ಶಿವಾನಂದ. ನನ್ನ ಮುಖ ಅಂಗಡ್ಯಾಗ ಕೂಡಬೇಕಂದ್ರ ನಾನೂ ಅಂಗಡಿಗೆ ಹೋಗಾಕೀನ. ನಾ ಬ್ಯಾಡಂದ್ರ ಮುಖಾನೂ ಇಲ್ಲ. ಮನ್ಯಾಗ ಇದ್ದಷ್ಟೂ ಪೆಟಗಿ ಹರದು ಒಲಿಗೆ ಹಾಕ್ತೇನಿ. ನಿನ್ನ ಫೋಟೋ ಹಚ್ಚಿಕೋ, ಮೀಸಿ ತಿರುವಿಕೊಂಡು ನಿಂದರು. ಯಾರು ಚಟ್ನಿ ತೊಗೋತಾರ ನೋಡೂಣು."

ಆ ಕಡೆ ಗೊಜಗೊಜ ಕೇಳಿಸಿತು. ಫೋನು ಕೈ ಬದಲಾಯಿಸಿತು. ಸರೋಜವ್ವ.

"ರಂಜೂ, ಸುಮ್ಕ ಮನಿಗೆ ಬಾ. ಹೊಸಾ ಪೆಟಗಿ ಹಾಳ ಮಾಡಬ್ಯಾಡ."

"ಅತ್ತೀ, ನನ್ನ ಬಳಿ ಯಾರು ಒಡದ್ರು?"

ರಂಜನಾ ರಟ್ಟಿನ ಮೇಲೆ ಉಳಿದ ಹಸಿರು ಚೂರನ್ನು ಉಗುರಿನಿಂದ ಕೆರೆದಳು.

"ನೀವ ಒಡದ್ರಿ. ನಾ ಕೈ ಕೊಟ್ಟೆ, ಒಂದ ಮಾತ ಆಡ್ಲಿಲ್ಲ. ಈಗ ಯಾರನ್ನ ಕೇಳಿ ತಿರುಗಿ ತೊಡಿಸಿದ್ರಿ? ಇವನ್ನ ಒಡಿಯಾಕ ನಿಮಗ ತ್ರಾಸ ಬ್ಯಾಡ. ನಾನ ಒಡ್ಯಾಕತ್ತೇನಿ."

ಫೋನು ಇಟ್ಟಳು. ಬಸ್ ಸ್ಟ್ಯಾಂಡಿನ ಕಡೆ ಗಾಡಿ ತಿರುಗಿಸಿದಳು.

ಅಲ್ಲಿನ ಅಂಗಡಿ ರವಿಕುಮಾರನದು. ಮೀಸೆ ಚಿಗುರುವ ಕಾಲಕ್ಕೇ ಅಪ್ಪನ ಗಲ್ಲೆಗೆ ಕುಳಿತವನು. ಒಂದು ಕಾಲದಲ್ಲಿ ರುದ್ರೇಶನ ಜೊತೆ ಕ್ರಿಕೆಟ್ ಆಡಿದವನು. ಆಗತಾನೇ ಶೆಟರ್ ಎತ್ತಿದ್ದ. ಕಿವಿಯಲ್ಲಿ ಫೋನಿತ್ತು. ಅವಳನ್ನು ಕಂಡದ್ದೇ "ಬಂದ್ರು ಬಂದ್ರು, ಇಡ್ತೇನಿ ಕಾಕಾ" ಅಂದು ಫೋನು ಕಿಸೆಗೆ ಹಾಕಿದ. ಶೆಟರಿನ ಕಡೆ ಕೈ ಹೋಯಿತು, ನಾಚಿಕೊಂಡು ಕೆಳಗಿಳಿಯಿತು.

"ಅಕ್ಕಾರ... ಆಮ್ಯಾಲೆ ಬರ್ತೀರೇನ್ರಿ?"

ರಂಜನಾ ಕೇಳಿಸಿಕೊಳ್ಳದವಳಂತೆ ಪೆಟ್ಟಿಗೆಯನ್ನು ಗಲ್ಲೆಯ ಮೇಲಿಟ್ಟಳು. ಚುಕ್ಕಿ ಗೆರೆಗೆ ಹೆಬ್ಬೆರಳು ತೂರಿಸಿ ಹರಿದಳು. ಕಟಕಟ ಕಟಕಟ ಎಂದು ಗೆರೆ ಬಿಟ್ಟುಕೊಂಡಿತು. ಕಿವಿಗೂ ಏನೂ ಆಗಲಿಲ್ಲ, ಕುತ್ತಿಗೆಗೂ ಏನೂ ಆಗಲಿಲ್ಲ. ಮುಚ್ಚಳ ಎತ್ತಿ ಹಿಂದಿನ ಸೀಳಿಗೆ ಸಿಕ್ಕಿಸಿದಳು. ಪೆಟ್ಟಿಗೆ ನಿಂತಿತು.

ರವಿಕುಮಾರ ಬಗ್ಗಿ ನೋಡಿದ. ಕೈಯ ಮೇಲೆ, ಕೊರಳ ಮೇಲೆ ಕಂದು ಗಾಯಗಳು.

"ಇದೇನ್ರೀ ಅಕ್ಕಾರ, ಮಾಲು ಡ್ಯಾಮೇಜ್ ಆಗೇತಿ?"

"ಬಳಿ ಸುಳ್ಳ ಇದ್ವು. ತೆಗದೇನಿ. ಮಾಲು ಬರೋಬ್ಬರಿ ಐತಿ."

ಅವನು ರಟ್ಟಿನವಳನ್ನು ನೋಡಿದ. ಆಮೇಲೆ, ತಪ್ಪಿಸಿಕೊಳ್ಳಲು ದಾರಿ ಕಾಣದೆ, ಇವಳನ್ನು ನೋಡಿದ. ನೋಡಿದವನು ಕಣ್ಣು ಕೆಳಗೆ ಹಾಕಿದ.

"ಬೋಣಿ ಆಗೇತೇನು?" ಎಂದು ಕೇಳಿದಳು.

"ಇಲ್ರೀ. ಈಗಷ್ಟ ತೆಗದೇನಿ."

"ಹಂಗಾದ್ರ ನಿಂದರ್ತೇನಿ."

ಗಲ್ಲೆಗೆ ಒರಗಿ, ಪೆಟ್ಟಿಗೆಯ ಪಕ್ಕದಲ್ಲಿ, ಬಾಗಿಲಿಗೆ ಎದುರಾಗಿ ನಿಂತಳು. ಸೆರಗು ತಲೆಯ ಮೇಲಿಂದ ಜಾರಿತ್ತು, ಸರಿಪಡಿಸಲಿಲ್ಲ. ಸವಣೂರಿನಿಂದ ಬಂದ ಬಸ್ಸು ಎದುರಿಗೆ ಬಂದು ನಿಂತು ಧೂಳೆಬ್ಬಿಸಿತು. ಮೊದಲು ಇಳಿದವನು ಹೆಗಲ ಮೇಲಿನ ಟಾವೆಲ್ ಕೊಡವಿಕೊಂಡು, ನೇರ ಅಂಗಡಿಯ ಕಡೆಗೇ ಬಂದ. ಮೆಟ್ಟಿಲ ಬುಡದಲ್ಲಿ ಅವನ ಕಾಲು ನಿಧಾನವಾಯಿತು.

ರಂಜನಾ ಸರಿಯಲಿಲ್ಲ.